ದಂತವೈದ್ಯಕೀಯದಲ್ಲಿ ಡಿಜಿಟಲ್ ಕ್ಷ-ಕಿರಣ ಚಿತ್ರಣ

ಹಲ್ಲು, ಅದರ ಬೇರು ಮತ್ತು ದವಡೆಯ ಮೂಳೆಯ ಒಳಸ್ಥಿತಿಯನ್ನು ಫಿಲಂ ಬಳಸದೆ, ಎಲೆಕ್ಟ್ರಾನಿಕ್ ಸಂವೇದಕದ ನೆರವಿನಿಂದ ಕಂಪ್ಯೂಟರ್ ಪರದೆಯ ಮೇಲೆ ಮೂಡಿಸುವ ವಿಧಾನ. 1980ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ತಂತ್ರ ಇಂದು ಕರ್ನಾಟಕದ ತಾಲ್ಲೂಕು ಪಟ್ಟಣಗಳ ಹಲ್ಲಿನ ಕ್ಲಿನಿಕ್‌ಗಳವರೆಗೆ ಬಂದಿದೆ. ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಒಸಡು ಮತ್ತು ಮೂಳೆಯೊಳಗೆ ಹುದುಗಿರುತ್ತದೆ. ಬೇರಿನ ತುದಿಯಲ್ಲಿ ಕೀವು ಕಟ್ಟಿದೆಯೇ, ಹುಳುಕು ನರದವರೆಗೆ ಇಳಿದಿದೆಯೇ ಎಂಬುದು ಕನ್ನಡಿ ಹಿಡಿದು ನೋಡಿದರೆ ಪೂರ್ತಿ ತಿಳಿಯುವುದಿಲ್ಲ. ಹಲ್ಲನ್ನು ಕೀಳಬೇಕೋ ಉಳಿಸಬಹುದೋ ಎಂಬ ತೀರ್ಮಾನ ಬಹಳಷ್ಟು ಸಲ ಈ ಚಿತ್ರದ ಮೇಲೆಯೇ ನಿಂತಿರುತ್ತದೆ.

ವಿಲ್ಹೆಲ್ಮ್ ರಾಂಟ್ಜನ್ 1895ರ ನವೆಂಬರ್ 8ರಂದು ಕ್ಷ-ಕಿರಣವನ್ನು ಕಂಡುಹಿಡಿದರು. ಆ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ, 1896ರ ಜನವರಿಯಲ್ಲಿ, ಜರ್ಮನಿಯ ಬ್ರೌನ್‌ಶ್ವೈಗ್‌ನ ದಂತವೈದ್ಯ ಒಟ್ಟೊ ವಾಲ್ಕಾಫ್ ತಮ್ಮ ಹಲ್ಲುಗಳದ್ದೇ ಚಿತ್ರ ತೆಗೆಸಿಕೊಂಡರು. ಕಪ್ಪು ಕಾಗದ ಮತ್ತು ರಬ್ಬರ್ ಸುತ್ತಿದ ಗಾಜಿನ ಫಲಕವನ್ನು ಬಾಯಲ್ಲಿಟ್ಟುಕೊಂಡು 25 ನಿಮಿಷ ಅಲುಗಾಡದೆ ಮಲಗಬೇಕಾಯಿತು. ಅದೇ ವರ್ಷ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಎಡ್ಮಂಡ್ ಕೆಲ್ಸ್ ಹಲ್ಲಿನ ಕ್ಷ-ಕಿರಣ ಚಿತ್ರ ತೆಗೆಯತೊಡಗಿದರು. ನಳಿಕೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಅವರು ಕಿರಣಕ್ಕೆ ತಮ್ಮ ಕೈಯನ್ನೇ ಒಡ್ಡುತ್ತಿದ್ದರು. ಮೊದಲು ಬೆರಳುಗಳು, ಆಮೇಲೆ ಕೈ, ಕೊನೆಗೆ ತೋಳು ಕ್ಯಾನ್ಸರಿಗೆ ಬಲಿಯಾದವು. 1928ರಲ್ಲಿ ಅವರು ತೀರಿಕೊಂಡರು. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರಾಲಿನ್ಸ್ 1901ರ ಹೊತ್ತಿಗೇ ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡಿ, ಈ ಕಿರಣ ಜೀವ ತೆಗೆಯಬಲ್ಲದು, ಸೀಸದ ರಕ್ಷಣೆ ಬೇಕೇ ಬೇಕು ಎಂದು ಬರೆದಿದ್ದರು. ಅಂದು ಆ ಮಾತನ್ನು ಕಿವಿಗೆ ಹಾಕಿಕೊಂಡವರು ಕಡಿಮೆ. ಈ ಕ್ಷೇತ್ರದಲ್ಲಿ ಆಮೇಲೆ ಬಂದ ಪ್ರತಿಯೊಂದು ಸುಧಾರಣೆಯನ್ನೂ ರೋಗಿಯ ಮೇಲೆ ಬೀಳುವ ಕಿರಣವನ್ನು ಎಷ್ಟು ಇಳಿಸಿತು ಎಂಬ ಅಳತೆಗೋಲಿನಿಂದಲೇ ನೋಡುವುದು ನ್ಯಾಯ.

1913 ಎರಡು ಕಾರಣಗಳಿಗೆ ಮುಖ್ಯ ವರ್ಷ. ವಿಲಿಯಂ ಕೂಲಿಡ್ಜ್ ರೂಪಿಸಿದ ಬಿಸಿ ತಂತುವಿನ ನಳಿಕೆಯಿಂದ ಕಿರಣದ ಪ್ರಮಾಣ ಹತೋಟಿಗೆ ಬಂತು. ಕೊಡ್ಯಾಕ್ ಕಂಪನಿ ಬಾಯಲ್ಲಿಡಲು ಸಿದ್ಧವಾದ ಫಿಲಂ ಪೊಟ್ಟಣವನ್ನು ಮಾರುಕಟ್ಟೆಗೆ ತಂದಿತು. ಫಿಲಂಗಳ ವೇಗ ಕ್ರಮೇಣ ಹೆಚ್ಚಿತು. 1955ರ ಡಿ ದರ್ಜೆಯ ಫಿಲಂಗೆ ಹೋಲಿಸಿದರೆ 2000ದಲ್ಲಿ ಬಂದ ಎಫ್ ದರ್ಜೆಯ ಫಿಲಂಗೆ ಸುಮಾರು ಶೇ. 60ರಷ್ಟು ಕಡಿಮೆ ಕಿರಣ ಸಾಕು.

ಕರ್ನಾಟಕದ ದಂತವೈದ್ಯಕೀಯ ಶಿಕ್ಷಣ ಬೆಳೆದದ್ದು ಈ ಫಿಲಂ ಕಾಲದಲ್ಲೇ. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ, ದಾವಣಗೆರೆಯ ಬಾಪೂಜಿ ದಂತವೈದ್ಯಕೀಯ ಕಾಲೇಜು 1979ರಲ್ಲಿ ಶುರುವಾದವು. ಅಲ್ಲಿ ಕಲಿತವರಿಗೆ ಡಾರ್ಕ್ ರೂಮ್ ಪಾಠದ ಒಂದು ಭಾಗವೇ ಆಗಿತ್ತು. ಕೆಂಪು ದೀಪದ ಬೆಳಕಿನಲ್ಲಿ ಪೊಟ್ಟಣ ಬಿಚ್ಚಿ, ಕಪ್ಪು ಕಾಗದ ಮತ್ತು ಸೀಸದ ಹಾಳೆಯನ್ನು ತೆಗೆದು, ಫಿಲಂ ಅನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಮೊದಲು ಡೆವಲಪರ್‌ನಲ್ಲಿ, ನೀರಿನಲ್ಲಿ ಜಾಲಾಡಿಸಿ ಆಮೇಲೆ ಫಿಕ್ಸರ್‌ನಲ್ಲಿ ಅದ್ದಬೇಕು. ಡೆವಲಪರ್ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ನಾಲ್ಕೈದು ನಿಮಿಷ ಹಿಡಿಯುತ್ತದೆ. ಬೇಸಿಗೆಯಲ್ಲಿ ದ್ರಾವಣ ಬಿಸಿಯಾಗಿ ಚಿತ್ರ ಕಪ್ಪಿಟ್ಟು ಹೋಗುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ತೊಳೆದ ಫಿಲಂ ಬೇಗ ಒಣಗುತ್ತಿರಲಿಲ್ಲ. ಫಿಲಂನ ಒಂದು ಮೂಲೆಯಲ್ಲಿ ಚಿಕ್ಕ ಉಬ್ಬುಚುಕ್ಕೆ ಇರುತ್ತದೆ. ಚಿತ್ರ ಎಡದವಡೆಯದೋ ಬಲದವಡೆಯದೋ ಎಂದು ಹೇಳುವುದು ಆ ಚುಕ್ಕೆಯೇ. ಅವಸರದಲ್ಲಿ ತಿರುಗುಮುರುಗಾಗಿ ನೋಡಿದರೆ ನೋವಿಲ್ಲದ ಕಡೆಯ ಹಲ್ಲಿಗೆ ಚಿಕಿತ್ಸೆ ನಡೆಯುವ ಅಪಾಯವಿತ್ತು.

ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಈ ಕಾಯುವಿಕೆಯ ಕಷ್ಟ ಎಲ್ಲಕ್ಕಿಂತ ಹೆಚ್ಚು. ಬೇರಿನ ನಾಳಕ್ಕೆ ಕೂದಲಿನಷ್ಟು ತೆಳ್ಳಗಿನ ಫೈಲ್ ಇಳಿಸಿ, ಅದು ತುದಿಯವರೆಗೆ ಮುಟ್ಟಿತೇ ಎಂದು ಚಿತ್ರದಲ್ಲಿ ಖಚಿತಪಡಿಸಿಕೊಳ್ಳಬೇಕು. ಒಂದೇ ಹಲ್ಲಿಗೆ ಆರಂಭದಲ್ಲಿ, ನಡುವೆ, ನಾಳ ತುಂಬಿದ ಮೇಲೆ ಹೀಗೆ ಹಲವು ಚಿತ್ರಗಳು ಬೇಕು. ಪ್ರತಿ ಸಲವೂ ರೋಗಿ ಬಾಯಿ ತೆರೆದು, ರಬ್ಬರ್ ಹಾಳೆ ಕಟ್ಟಿಸಿಕೊಂಡು ಕಾಯಬೇಕು.

ಫ್ರಾನ್ಸಿನ ಟುಲೂಸ್ ನಗರದ ದಂತವೈದ್ಯ ಫ್ರಾನ್ಸಿಸ್ ಮುಯೆನ್ ರೂಪಿಸಿದ ಉಪಕರಣ ಈ ತೊಡಕಿಗೆ ಉತ್ತರವಾಯಿತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಬೆಳಕು ಹಿಡಿಯುವ ಚಿಪ್ ಕಂಡುಹಿಡಿದಿದ್ದರು. 2009ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ತಂದುಕೊಟ್ಟದ್ದು ಇದೇ ಶೋಧ. ಚಿಪ್‌ಗೆ ನೇರವಾಗಿ ಕ್ಷ-ಕಿರಣ ಬಿದ್ದರೆ ಹೆಚ್ಚು ಪ್ರಯೋಜನವಿಲ್ಲ. ಹಾಗಾಗಿ ಮುಯೆನ್ ಮೊದಲಿಗೆ ಕಿರಣವನ್ನು ಬೆಳಕಾಗಿಸುವ ಪರದೆಯನ್ನು ಇಟ್ಟರು. ಆ ಬೆಳಕನ್ನು ಗಾಜಿನ ಎಳೆಗಳ ಕಟ್ಟು ಚಿಪ್‌ಗೆ ಒಯ್ಯುತ್ತಿತ್ತು. ಗಾಜಿನ ಎಳೆಗಳು ಉಳಿದ ಕ್ಷ-ಕಿರಣವನ್ನು ತಡೆದು ಚಿಪ್ ಅನ್ನು ಕಾಪಾಡುತ್ತಲೂ ಇದ್ದವು. ಟ್ರೋಫಿ ರೇಡಿಯಾಲಜಿ ಕಂಪನಿ ಇದನ್ನು ರೇಡಿಯೊವಿಸಿಯೊಗ್ರಫಿ ಎಂಬ ಹೆಸರಿನಲ್ಲಿ 1987ರಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮ ಕ್ಲಿನಿಕ್‌ಗಳಲ್ಲಿ ಎಲ್ಲರೂ ಆರ್‌ವಿಜಿ ಎನ್ನುವುದು ಇದನ್ನೇ. ಮೊದಲ ಉಪಕರಣ ಚಿತ್ರವನ್ನು ಪರದೆಯ ಮೇಲೆ ತೋರಿಸಿ ಉಷ್ಣ ಕಾಗದದ ಮೇಲೆ ಮುದ್ರಿಸುತ್ತಿತ್ತು. ಸಂವೇದಕ ದಪ್ಪ, ಚಿತ್ರ ಹಿಡಿಯುವ ಜಾಗ 31×41 ಮಿ.ಮೀ. ಅಳತೆಯ ಮಾಮೂಲಿ ಫಿಲಂಗಿಂತ ಬಹಳ ಚಿಕ್ಕದು. ಸೂಕ್ಷ್ಮ ವಿವರಗಳನ್ನು ತೋರಿಸುವುದರಲ್ಲೂ ಅದು ಫಿಲಂ ಸಮಕ್ಕೆ ಬರುತ್ತಿರಲಿಲ್ಲ. ಆದರೂ ಗುಂಡಿ ಒತ್ತಿದ ಕೆಲವೇ ಕ್ಷಣಗಳಲ್ಲಿ, ಫಿಲಂಗೆ ಬೇಕಾದುದಕ್ಕಿಂತ ಕಡಿಮೆ ಕಿರಣದಲ್ಲಿ ಬೇರಿನ ಚಿತ್ರ ಕಣ್ಣೆದುರಿಗೆ ಬರುತ್ತಿತ್ತು. ಇಡೀ ದಂತವೈದ್ಯಕೀಯದಲ್ಲಿ ಕಂಪ್ಯೂಟರು ತಂದ ಬದಲಾವಣೆಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ ಎಂದರೆ ಉತ್ಪ್ರೇಕ್ಷೆಯಾಗದು. ಮುಂದೆ, 2003ರಲ್ಲಿ, ಫಿಲಂ ಪೊಟ್ಟಣದಿಂದ ದಶಕಗಟ್ಟಲೆ ಬಾಳಿದ ಕೊಡ್ಯಾಕ್ ಕಂಪನಿಯೇ ಟ್ರೋಫಿಯನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು.

ಇನ್ನೊಂದು ದಾರಿ ಫಾಸ್ಫರ್ ಫಲಕದ್ದು. ಜಪಾನಿನ ಫ್ಯೂಜಿ ಕಂಪನಿ 1980ರ ದಶಕದ ಆರಂಭದಲ್ಲಿ ಇದನ್ನು ದೇಹದ ಎಕ್ಸ್-ರೇಗೆ ತಂದಿತು. ಫಿನ್ಲೆಂಡಿನ ಸೊರೆಡೆಕ್ಸ್ ಕಂಪನಿಯ ಡಿಗೊರಾ ಉಪಕರಣದೊಂದಿಗೆ 1994ರಲ್ಲಿ ಅದು ಹಲ್ಲಿಗೂ ಬಂತು. ಫಲಕ ಫಿಲಂನಷ್ಟೇ ತೆಳ್ಳಗಿದ್ದು ಬಾಗುತ್ತದೆ, ತಂತಿ ಇರುವುದಿಲ್ಲ. ಮಕ್ಕಳ ಬಾಯಿಗೆ ಹಿತ. ಆದರೆ ಅದನ್ನು ಹೊರತೆಗೆದು ಲೇಸರ್ ಸ್ಕ್ಯಾನರ್‌ಗೆ ಹಾಕಬೇಕಾದ್ದರಿಂದ ಚಿತ್ರ ಆ ಕ್ಷಣದಲ್ಲೇ ಸಿಗದು. 1990ರ ದಶಕದ ಕೊನೆಯ ಹೊತ್ತಿಗೆ ಸಿಮಾಸ್ ಚಿಪ್‌ಗಳ ಸಂವೇದಕಗಳು ಬಂದವು. ಮೊಬೈಲ್ ಕ್ಯಾಮೆರಾಗಳಲ್ಲಿ ಇರುವುದೂ ಇದೇ ಜಾತಿಯ ಚಿಪ್.

ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಓಪಿಜಿ ಫಿನ್ಲೆಂಡಿನ ಯೂರ್ಯೋ ಪಾತೆರೊ ಅವರ ಕೊಡುಗೆ. 1940ರ ದಶಕದ ಕೊನೆಯಿಂದ ಅವರು ಇದರ ಮೇಲೆ ಕೆಲಸ ಮಾಡಿದರು. 1990ರ ದಶಕದಲ್ಲಿ ಇದೂ ಡಿಜಿಟಲ್ ಆಯಿತು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ಸೀಮೆಯಲ್ಲಿ ಓಪಿಜಿಗೆ ಒಂದು ವಿಶೇಷ ಮಹತ್ವವಿದೆ. ಇದು ಅಡಿಕೆ ಬೆಳೆಯುವ ನಾಡು. ಎಲೆ-ಅಡಿಕೆ ಇಲ್ಲಿ ದಿನನಿತ್ಯದ ಮಾತು. ಅಡಿಕೆಯನ್ನು, ಅದರಲ್ಲೂ ಗುಟ್ಕಾದಂಥವನ್ನು, ವರ್ಷಗಟ್ಟಲೆ ಜಗಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಪೊರೆ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಪೂರ್ವ ಆಫ್ರಿಕಾದಲ್ಲಿದ್ದ ಭಾರತೀಯ ಮಹಿಳೆಯರಲ್ಲಿ ಈ ಸ್ಥಿತಿಯನ್ನು 1952ರಲ್ಲಿ ಮೊದಲು ವಿವರಿಸಲಾಯಿತು. ಒಳಪೊರೆಯ ರೋಗ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಆದರೆ ಎರಡು ಬೆರಳೂ ಹೋಗದ ಬಾಯಿಗೆ ಗಟ್ಟಿಯಾದ ಆರ್‌ವಿಜಿ ಸಂವೇದಕವನ್ನು ಇಡುವುದಾದರೂ ಹೇಗೆ? ಅಂಥವರ ಹುಳುಕು ಹಲ್ಲನ್ನು ನೋಡಲು ಹೊರಗಿನಿಂದ ತೆಗೆಯುವ ಓಪಿಜಿಯೇ ಗತಿ.

ಮೂರು ಆಯಾಮದ ಚಿತ್ರ ಕೊಡುವ ಸಿಬಿಸಿಟಿ 1990ರ ದಶಕದ ದ್ವಿತೀಯಾರ್ಧದಲ್ಲಿ ಇಟಲಿಯ ವೆರೋನಾದಿಂದ ಬಂತು; ಮೊದಲ ಯಂತ್ರದ ಹೆಸರು ನ್ಯೂಟಾಮ್ 9000. ಬುದ್ಧಿಹಲ್ಲಿನ ಬೇರು ಕೆಳದವಡೆಯ ನರಕ್ಕೆ ಎಷ್ಟು ಹತ್ತಿರವಿದೆ, ಇಂಪ್ಲಾಂಟ್ ಕೂರಿಸಲು ಮೂಳೆ ಎಷ್ಟಿದೆ ಎಂಬುದಕ್ಕೆ ಇದು ನಿಖರ ಉತ್ತರ ಕೊಡುತ್ತದೆ. ಕಿರಣದ ಪ್ರಮಾಣ ಓಪಿಜಿಗಿಂತ ಸಾಮಾನ್ಯವಾಗಿ ಹೆಚ್ಚು. ಹಾಗಾಗಿ ಮಾಮೂಲಿ ಹುಳುಕಿಗೆ ಇದನ್ನು ಬರೆಯುವುದು ತಪ್ಪು.

ಸಣ್ಣ ಊರಿಗೆ ಒಗ್ಗಿದ್ದು ಆರ್‌ವಿಜಿ. ಅದಕ್ಕೆ ಪ್ರತ್ಯೇಕ ಕತ್ತಲೆ ಕೋಣೆ ಬೇಡ, ದ್ರಾವಣಗಳನ್ನು ಚರಂಡಿಗೆ ಸುರಿಯುವ ಪಾಡಿಲ್ಲ. ಒಂದು ಲ್ಯಾಪ್‌ಟಾಪು, ಯುಪಿಎಸ್ ಇದ್ದರೆ ಆಯಿತು. ಶಿಕಾರಿಪುರ ತಾಲ್ಲೂಕಿನ ಅಂಜನಾಪುರ ಹೋಬಳಿಯ ಹಳ್ಳಿಯಿಂದ ಬಸ್ಸಿನಲ್ಲಿ ಹಲ್ಲುನೋವೆಂದು ಬಂದವರು ಚಿತ್ರ ಒಣಗಲೆಂದು ಕಾಯಬೇಕಿಲ್ಲ. ಸಂವೇದಕಕ್ಕೆ ಪ್ರತಿ ರೋಗಿಗೂ ಹೊಸ ಪ್ಲಾಸ್ಟಿಕ್ ಕವಚ ತೊಡಿಸುತ್ತಾರೆ, ಏಕೆಂದರೆ ಅದನ್ನು ಆಟೋಕ್ಲೇವಿನಲ್ಲಿ ಬೇಯಿಸುವಂತಿಲ್ಲ. ತಂತಿಯನ್ನು ಹಲ್ಲಿನಿಂದ ಕಚ್ಚಬೇಡಿ ಎಂದು ಎಚ್ಚರಿಸುತ್ತಾರೆ. ಆಮೇಲೆ ವೈದ್ಯರು ಪರದೆಯನ್ನು ರೋಗಿಯ ಕಡೆ ತಿರುಗಿಸಿ ಬೇರಿನ ತುದಿಯ ಕಪ್ಪು ಮಚ್ಚೆಯನ್ನು ತೋರಿಸುತ್ತಾರೆ. ನೋಡಿ, ಕೀವು ಇಲ್ಲಿದೆ ಎಂದಾಗ ಕೀಳಿಸಿಬಿಡಿ ಎಂದು ಹಟ ಹಿಡಿದು ಬಂದವರೂ ಒಂದು ಗಳಿಗೆ ಯೋಚಿಸುತ್ತಾರೆ. ಅಂಗೈಯನ್ನೂ ತುಂಬಿಸದ ಆ ಪುಟ್ಟ ಚಿತ್ರವನ್ನು ಹಿಂದೆ ವೈದ್ಯರು ಮಾತ್ರ ಬೆಳಕಿಗೆ ಹಿಡಿದು ಓದುತ್ತಿದ್ದರು. ಈಗ ರೋಗಿಗೂ ಅದರಲ್ಲಿ ಪಾಲು ಸಿಕ್ಕಿದೆ.

ಬಾಯೊಳಗಿನ ಒಂದು ಚಿತ್ರದಿಂದ ದೇಹಕ್ಕೆ ತಗಲುವುದು ಕೆಲವೇ ಮೈಕ್ರೊಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್, ಅಂದರೆ 2,400 ಮೈಕ್ರೊಸೀವರ್ಟ್ ಹೇಗೂ ಬರುತ್ತಿರುತ್ತದೆ. ಡಿಜಿಟಲ್‌ನ ಅಪಾಯ ಇರುವುದು ಬೇರೆ ಕಡೆ. ತೆಗೆಯುವುದು ಸುಲಭವಾದಷ್ಟೂ ಸರಿ ಬರಲಿಲ್ಲವೆಂದು ಮತ್ತೆ ಮತ್ತೆ ತೆಗೆಯುವ ಅಭ್ಯಾಸ ಬೆಳೆಯುತ್ತದೆ. ಸಂವೇದಕ ಉಳಿಸಿಕೊಟ್ಟ ಕಿರಣ ಅಲ್ಲಿ ಖರ್ಚಾಗಿಬಿಡುತ್ತದೆ. ಭಾರತದಲ್ಲಿ ಹಲ್ಲಿನ ಎಕ್ಸ್-ರೇ ಯಂತ್ರಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಹತೋಟಿಯಲ್ಲಿವೆ. 1983ರಲ್ಲಿ ಸ್ಥಾಪನೆಯಾದ ಈ ಮಂಡಳಿಯ ಇ-ಲೋರಾ ಜಾಲದಲ್ಲಿ ಕ್ಲಿನಿಕ್‌ಗಳು ತಮ್ಮ ಯಂತ್ರವನ್ನು ದಾಖಲಿಸಬೇಕು. ಕಿರಣದ ಕಟ್ಟನ್ನು ಸರಿಯಾಗಿ ಕಿರಿದುಗೊಳಿಸಿದರೆ ಸೀಸದ ಏಪ್ರನ್ ಬೇಕಿಲ್ಲ ಎಂದು ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ ಸಲಹೆ ಕೊಟ್ಟಿತು.

ಚಿತ್ರ ಯಾರ ಕೈಯಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಫಿಲಂ ಆಗಿದ್ದರೆ ಲಕೋಟೆಯಲ್ಲಿಟ್ಟು ರೋಗಿಗೆ ಕೊಡಬಹುದಿತ್ತು. ಆರ್‌ವಿಜಿ ಚಿತ್ರ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲೇ ಉಳಿದು, ರೋಗಿಯ ಕೈಗೆ ಬರುವುದು ಹೆಚ್ಚೆಂದರೆ ಪರದೆಯಿಂದ ತೆಗೆದ ಮೊಬೈಲ್ ಫೋಟೊ. ವಾಟ್ಸಾಪಿನಲ್ಲಿ ಕುಗ್ಗಿದ ಆ ಫೋಟೊದಲ್ಲಿ ಬೇರಿನ ಸಣ್ಣ ಬಿರುಕು ಕಾಣುವುದಿಲ್ಲ. ಶಿಕಾರಿಪುರದಿಂದ ಶಿವಮೊಗ್ಗಕ್ಕೋ ದಾವಣಗೆರೆಗೋ ಹೋದಾಗ ಅಲ್ಲಿ ಮತ್ತೆ ಎಕ್ಸ್-ರೇ ತೆಗೆಯಬೇಕಾಗುತ್ತದೆ. ವೈದ್ಯಕೀಯ ಚಿತ್ರಗಳಿಗೆಂದೇ ಇರುವ ಡೈಕಾಮ್ ಎಂಬ ಏಕರೂಪದ ಕಡತ ಮಾದರಿಯನ್ನು ಈಗಿನ ಬಹಳಷ್ಟು ತಂತ್ರಾಂಶಗಳು ಬಳಸಬಲ್ಲವು. ಅದರಲ್ಲಿ ರೋಗಿಯ ಹೆಸರು, ದಿನಾಂಕ, ಚಿತ್ರದ ಅಳತೆ ಎಲ್ಲವೂ ಚಿತ್ರದ ಜೊತೆಗೇ ಇರುತ್ತವೆ. ಮೂಲ ಕಡತವನ್ನು ಕೇಳಿ ಪಡೆಯುವ ರೂಢಿ ರೋಗಿಗಳಲ್ಲೂ, ಕೇಳದೆಯೇ ಕೊಡುವ ರೂಢಿ ಕ್ಲಿನಿಕ್‌ಗಳಲ್ಲೂ ಬರಬೇಕಾಗಿದೆ.