ಎರಡು ವರ್ಷದ ಮೊಹರಿನ ಮೇಲೆ ಬಾಳು ಕಟ್ಟಿದವರು

ಯುಎಇಯ ನಮ್ಮ ಕನ್ನಡ ಸಂಘದ ಹಳೆಯ ವರದಿಗಳನ್ನು ತಿರುವಿ ಹಾಕಿದರೆ ರಾಜ್ಯೋತ್ಸವ, ಯಕ್ಷಗಾನ, ಮುಖ್ಯ ಅತಿಥಿಗಳು, ಶಾಲು ಹೊದಿಸಿಕೊಂಡವರು, ಊಟದ ವ್ಯವಸ್ಥೆ ನೋಡಿಕೊಂಡವರು, ಇಷ್ಟೇ ಸಿಗುತ್ತದೆ. ಅದನ್ನೇ ಮತ್ತೊಮ್ಮೆ ಬರೆದು ಪುಟ ತುಂಬಿಸಲು ನನಗೆ ಮನಸ್ಸಿಲ್ಲ. ಯಾವ ಕಾಗದಕ್ಕೆ ಯಾವ ಕೌಂಟರು, ಯಾವ ಮೊಹರು ಬಿದ್ದ ಮೇಲೆ ಯಾವುದು ಎಂದು ಮೊದಲು ಬಂದವರು ಆಮೇಲೆ ಬಂದವರಿಗೆ ಹೇಳಿಕೊಟ್ಟಿದ್ದರಿಂದಲೇ ಯುಎಇಯ ಕನ್ನಡಿಗರು ಇಲ್ಲಿ ಕಾಲೂರಿದರು. ಆ ಕೆಲಸಕ್ಕೆ ಆಮಂತ್ರಣ ಪತ್ರಿಕೆ ಅಚ್ಚಾಗಲಿಲ್ಲ, ವರದಿಯಲ್ಲಿ ಒಂದು ಸಾಲೂ ಬರಲಿಲ್ಲ.

ಈ ದೇಶದಲ್ಲಿ ಮೂವತ್ತು ವರ್ಷ ದುಡಿದವನ ವೀಸಾ ಕೂಡ ಎರಡೋ ಮೂರೋ ವರ್ಷಕ್ಕೊಮ್ಮೆ ಮುಗಿಯುತ್ತದೆ. ಪೌರತ್ವದ ಮಾತು ನಮ್ಮಂಥವರಿಗೆ ಇಲ್ಲ. ಅಮೆರಿಕಕ್ಕೋ ಕೆನಡಾಕ್ಕೋ ಹೋದವನು ಗ್ರೀನ್ ಕಾರ್ಡ್, ಪಾಸ್‌ಪೋರ್ಟ್ ಎಂದು ಮೆಟ್ಟಿಲು ಹತ್ತುತ್ತಾನೆ. ಗಲ್ಫಿನಲ್ಲಿ ಅಂಥ ಮೆಟ್ಟಿಲೇ ಇರಲಿಲ್ಲ. ಇದು ತಿಳಿಯದೆ ನಮ್ಮ ಸಮುದಾಯದ ಚರಿತ್ರೆ ಅರ್ಥವಾಗುವುದಿಲ್ಲ.

1971ರ ಡಿಸೆಂಬರ್ 2ರಂದು ಯುಎಇ ಒಕ್ಕೂಟ ಹುಟ್ಟುವ ಮೊದಲೇ ನಮ್ಮವರು ಬಂದಿದ್ದರು. ದಾರಿ ಬೊಂಬಾಯಿಯದು. ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು, ಕೊಂಕಣಿ ಕ್ರೈಸ್ತರು, ಉಡುಪಿ ಕಡೆಯ ಹೋಟೆಲಿನವರು ಎಲ್ಲರೂ ಮೊದಲು ಬೊಂಬಾಯಿಯಲ್ಲಿ ಇಳಿದು, ಅಲ್ಲಿಂದ ಹಡಗು ಹತ್ತುತ್ತಿದ್ದರು. ಬ್ರಿಟಿಷ್ ಇಂಡಿಯಾ ಕಂಪನಿಯ ‘ದ್ವಾರಕಾ’ 1982ರವರೆಗೂ ಆ ಮಾರ್ಗದಲ್ಲಿ ಓಡಿತು. ಅದೇ ಕಂಪನಿಯ ‘ದಾರಾ’ 1961ರ ಏಪ್ರಿಲ್‌ನಲ್ಲಿ ದುಬೈ ಸಮೀಪ ಸ್ಫೋಟಗೊಂಡು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಗ ಇಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮದೇ ರೂಪಾಯಿ. 1959ರಿಂದ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಬೇರೆ ನೋಟು ಅಚ್ಚು ಹಾಕಿತು, 1966ರಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಇಲ್ಲಿಯವರು ಅದನ್ನು ಬಿಟ್ಟರು, 1973ರಲ್ಲಿ ದಿರ್ಹಮ್ ಬಂತು. ಅದೇ ವರ್ಷ ತೈಲದ ಬೆಲೆ ಏರಿತು. ಕರಾವಳಿಯ ಮನೆಗಳಿಂದ ಒಬ್ಬೊಬ್ಬರಾಗಿ ‘ಫಾರಿನ್ನಿಗೆ’ ಹೊರಟದ್ದು ಆಮೇಲೆ.

ಭಾರತದಲ್ಲಿ 1983ರ ವಲಸೆ ಕಾಯ್ದೆ ಬಂದ ಮೇಲೆ ಹೆಚ್ಚು ಓದದವರಿಗೆ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕಾಯಿತು, ಅದರ ಸುತ್ತ ಏಜೆಂಟರ ಸಂತೆಯೇ ಬೆಳೆಯಿತು. ‘ಹೋಟೆಲಿನಲ್ಲಿ ಕ್ಯಾಷಿಯರ್’ ಎಂದು ಕರೆಸಿ ಪಾತ್ರೆ ತೊಳೆಸಿದ ಕತೆ ನಮ್ಮ ಪ್ರತಿ ಕುಟುಂಬದಲ್ಲೂ ಒಂದಾದರೂ ಇದೆ. ಇಳಿದ ಕೂಡಲೇ ಮೆಡಿಕಲ್: ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ಪಾಸಾದರೆ ಪಾಸ್‌ಪೋರ್ಟಿನಲ್ಲಿ ವೀಸಾ ಬೀಳುತ್ತಿತ್ತು, ಕೈಗೆ ಬತಾಕ ಎಂಬ ಗುರುತಿನ ಚೀಟಿ ಬರುತ್ತಿತ್ತು. ಪಾಸ್‌ಪೋರ್ಟು ಹೋಗಿ ಸೇರುತ್ತಿದ್ದದ್ದು ಕಂಪನಿಯ ಕಬ್ಬಿಣದ ಪೆಟ್ಟಿಗೆಗೆ. ಹಾಗೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂದು ಗೊತ್ತಿದ್ದವರು ಆಗ ಬಹಳ ಕಡಿಮೆ, ಗೊತ್ತಿದ್ದೂ ಕೇಳುವ ಧೈರ್ಯವಿದ್ದವರು ಇನ್ನೂ ಕಡಿಮೆ. ವಾಸ ಬೆಡ್ ಸ್ಪೇಸಿನಲ್ಲಿ: ಒಂದು ಕೋಣೆ, ಎರಡಂತಸ್ತಿನ ಮಂಚಗಳು, ಅಡುಗೆಗೆ ಸರದಿ. ಊರಿನಲ್ಲಿ ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರೂ ಕುಡಿಯದ ಜಾತಿಗಳವರು ಇಲ್ಲಿ ಒಂದೇ ಪಾತ್ರೆಯ ಗಂಜಿ ಉಂಡರು. ಇದನ್ನು ದೊಡ್ಡ ಕ್ರಾಂತಿಯೆಂದು ಹೇಳುವುದಿಲ್ಲ, ರಜೆಗೆ ಊರಿಗೆ ಹೋದಾಗ ಎಲ್ಲ ಮೊದಲಿನಂತೆಯೇ ಆಗುತ್ತಿತ್ತು.

ಹೆಂಡತಿ ಮಕ್ಕಳನ್ನು ಕರೆತರುವ ಹೊತ್ತಿಗೆ ಸಂಘದ ನಿಜವಾದ ಕೆಲಸ ಶುರುವಾಗುತ್ತಿತ್ತು. ಸಂಬಳ 4,000 ದಿರ್ಹಮ್ ಇರಬೇಕು, ಅಥವಾ 3,000 ಮತ್ತು ಕಂಪನಿಯ ಮನೆ. 2019ರವರೆಗೆ ವೀಸಾದಲ್ಲಿ ಬರೆದ ಹುದ್ದೆಯನ್ನೂ ನೋಡುತ್ತಿದ್ದರು. ಸಂಬಳವಿದ್ದರೂ ‘ಹೆಲ್ಪರ್’ ಎಂದಿದ್ದರೆ ಆಗುತ್ತಿರಲಿಲ್ಲ. ಮುಂದಿನ ತೊಡಕು ಮದುವೆಯ ಪ್ರಮಾಣಪತ್ರ. ನಮ್ಮ ಹಳಬರಲ್ಲಿ ಎಷ್ಟೋ ಜನರ ಬಳಿ ಇದ್ದದ್ದು ಲಗ್ನಪತ್ರಿಕೆ ಮತ್ತು ಆಲ್ಬಮ್ ಮಾತ್ರ. ಒಂದು ತಿಂಗಳ ರಜೆಯಲ್ಲಿ ಊರಿಗೆ ಹೋಗಿ, ಎರಡು ಮಕ್ಕಳಾದ ಮೇಲೆ ಸಬ್ ರಿಜಿಸ್ಟ್ರಾರ್ ಮುಂದೆ ಮದುವೆ ನೋಂದಾಯಿಸಿ, ಬೆಂಗಳೂರಿನಲ್ಲಿ ಗೃಹ ಇಲಾಖೆ, ದೆಹಲಿಯಲ್ಲಿ ವಿದೇಶಾಂಗ ಸಚಿವಾಲಯ, ಅಲ್ಲೇ ಯುಎಇ ರಾಯಭಾರ ಕಚೇರಿ, ಕೊನೆಗೆ ಇಲ್ಲಿಯ ವಿದೇಶಾಂಗ ಇಲಾಖೆ, ಇಷ್ಟೂ ಮೊಹರು ಬಿದ್ದ ಕಾಗದವನ್ನು ಅರಬ್ಬಿಗೆ ಅನುವಾದ ಮಾಡಿಸಬೇಕಿತ್ತು. ರಜೆ ಮುಗಿಯುವುದರೊಳಗೆ ಒಂದು ಮೊಹರು ಬಿಟ್ಟುಹೋದರೆ ಹೆಂಡತಿ ಇನ್ನೊಂದು ವರ್ಷ ಊರಲ್ಲಿ. ಈ ಸರಣಿಯನ್ನು ಕನ್ನಡದಲ್ಲಿ ಬರೆದು ಝೆರಾಕ್ಸ್ ಮಾಡಿಸಿ ಹಂಚಿದ ಒಂದು ಹಾಳೆ ಕೈಯಿಂದ ಕೈಗೆ ಓಡಾಡಿತು. ಸಂಘದ ಯಾವ ಪ್ರಕಟಣೆಯೂ ಅದರಷ್ಟು ಓದುಗರನ್ನು ಕಂಡಿಲ್ಲ.

ಹೆಸರಿನ ಗೋಳು ನಮಗೇ ವಿಶೇಷ. ಊರಿನದೋ ತಂದೆಯದೋ ಒಂದಕ್ಷರ ಮುಂದೆ ಇಟ್ಟು ‘ಕೆ. ಸುಂದರ’ ಎಂದು ಬದುಕಿದವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. 2022ರ ನವೆಂಬರಿನಲ್ಲಿ, ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ವಿಸಿಟ್ ವೀಸಾದ ಮೇಲೆ ಪ್ರವೇಶವಿಲ್ಲ ಎಂಬ ಸೂಚನೆ ಬಂದಾಗ, ಮಗಳ ಬಾಣಂತನಕ್ಕೆಂದು ಹೊರಟ ತಾಯಂದಿರ ಮನೆಗಳಲ್ಲಿ ಗಾಬರಿಯೋ ಗಾಬರಿ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಇದ್ದರೆ ಸಾಕು ಎಂಬ ವಿವರಣೆ ಆಮೇಲೆ ಬಂತು.

ಮಗು ಇಲ್ಲೇ ಹುಟ್ಟಿದರೆ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು; ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಗಂಡುಮಗುವನ್ನು ಅಪ್ಪ ತನ್ನ ವೀಸಾದಲ್ಲಿ ಇಟ್ಟುಕೊಳ್ಳಬಹುದಾಗಿದ್ದದ್ದು ಹದಿನೆಂಟು ವರ್ಷದವರೆಗೆ. 2022ರ ಅಕ್ಟೋಬರಿನಿಂದ ಅದು ಇಪ್ಪತ್ತೈದಾಗಿದೆ, ಅದಕ್ಕೆ ಮುಂಚೆ ಹನ್ನೆರಡನೇ ಕ್ಲಾಸು ಮುಗಿದ ಹುಡುಗರು ಹುಟ್ಟಿದ ಊರನ್ನೇ ಬಿಟ್ಟು ಹೊರಡುತ್ತಿದ್ದರು. ಹೊರಟು ಹೋದಲ್ಲಿ ಇನ್ನೊಂದು ತಡೆ: ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯವಾಗಿ ರಾಜ್ಯದಲ್ಲಿ ಏಳು ವರ್ಷ ಓದಿರಬೇಕು. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಕಡ್ಡಾಯ ಅರಬ್ಬಿ ಕಲಿತ ಹುಡುಗ ಅಲ್ಲಿ ಎನ್‌ಆರ್‌ಐ ಕೋಟಾದ ಗಿರಾಕಿಯಾದ. ಗಲ್ಫಿನ ಎಷ್ಟು ಉಳಿತಾಯ ಆ ಕೋಟಾದ ಕಾಲೇಜುಗಳ ಕಟ್ಟಡವಾಗಿ ನಿಂತಿದೆಯೋ!

ಇಲ್ಲಿಯ ಬಾಡಿಗೆಯ ಪದ್ಧತಿಯನ್ನು ಊರಿನವರಿಗೆ ಅರ್ಥಮಾಡಿಸುವುದು ಕಷ್ಟ. ವರ್ಷದ ಬಾಡಿಗೆಗೆ ಮುಂದಿನ ತಾರೀಖು ಹಾಕಿದ ನಾಲ್ಕೋ ಆರೋ ಚೆಕ್ಕುಗಳನ್ನು ಮೊದಲೇ ಬರೆದುಕೊಡಬೇಕು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ವಾಪಸಾದರೆ, 2022ರ ಜನವರಿಯಲ್ಲಿ ಕಾನೂನು ಸಡಿಲವಾಗುವವರೆಗೂ, ಅದು ಪೊಲೀಸ್ ಕೇಸು. 2008ರ ಕೊನೆಗೆ ಕಟ್ಟಡದ ಕೆಲಸಗಳು ನಿಂತು ಎಂಜಿನಿಯರು, ಸೂಪರ್‌ವೈಸರು, ಫೋರ್‌ಮನ್ ಎಂಬ ಭೇದವಿಲ್ಲದೆ ಎಲ್ಲರ ಕೆಲಸ ಹೋಯಿತು. ಕೆಲಸ ಹೋದರೆ ವೀಸಾ ರದ್ದು. ಆಗ ಉಳಿಯಲು ಸಿಗುತ್ತಿದ್ದದ್ದು ಒಂದು ತಿಂಗಳು. ಕಾರಿನ ಸಾಲ, ಕ್ರೆಡಿಟ್ ಕಾರ್ಡು, ಮನೆಯ ಉಳಿದ ಚೆಕ್ಕುಗಳು ಹಾಗೇ ಇದ್ದವು. ಸಾಲ ತೀರದೆ ದೇಶ ಬಿಡುವಂತಿಲ್ಲ, ವೀಸಾ ಇಲ್ಲದೆ ಇರುವಂತೆಯೂ ಇಲ್ಲ. ಆ ಚಳಿಗಾಲದಲ್ಲಿ ಸಂಘದ ಕೆಲವರು ಬ್ಯಾಂಕುಗಳಿಗೆ ಓಡಾಡಿ ಕಂತು ಮುಂದೂಡಿಸಿದರು, ಮನೆ ಮಾಲೀಕರ ಕೈಕಾಲು ಹಿಡಿದು ಚೆಕ್ಕು ವಾಪಸು ತಂದರು. ಆ ವರ್ಷದ ವಾರ್ಷಿಕ ವರದಿಯಲ್ಲಿ ಇರುವುದು ಕ್ರಿಕೆಟ್ ಪಂದ್ಯಾವಳಿಯ ವಿವರ.

ಗ್ರಾಚ್ಯುಟಿಯ ಲೆಕ್ಕ ಇಂದಿಗೂ ಅನೇಕರಿಗೆ ಕೊನೆಯ ದಿನವೇ ತಿಳಿಯುತ್ತದೆ. ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ 30 ದಿನದ್ದು, ಅದೂ ಮೂಲವೇತನದ ಮೇಲೆ ಮಾತ್ರ. ತಿಂಗಳಿಗೆ 5,000 ದಿರ್ಹಮ್ ಎಣಿಸಿಕೊಂಡವನ ಮೂಲವೇತನ ಕಾಗದದಲ್ಲಿ 2,000 ಇದ್ದರೆ ಹತ್ತು ವರ್ಷಕ್ಕೆ ಕೈಗೆ ಬರುವುದು 17,000. ಪೂರ್ತಿ ಸಂಬಳದ ಮೇಲೆ ಆಗಿದ್ದರೆ 42,500. 1980ರ ಕಾರ್ಮಿಕ ಕಾನೂನಿನಡಿ ಐದು ವರ್ಷ ತುಂಬುವ ಮುನ್ನ ತಾನಾಗಿ ಕೆಲಸ ಬಿಟ್ಟರೆ ಅದರಲ್ಲೂ ಕಡಿತವಿತ್ತು. 2022ರ ಫೆಬ್ರವರಿಯಿಂದ ಜಾರಿಗೆ ಬಂದ ಹೊಸ ಕಾನೂನು ಅದನ್ನು ತೆಗೆಯಿತು. ಹೊಸದಾಗಿ ಬಂದ ಹುಡುಗರಿಗೆ ನಾನು ಹೇಳುವುದು ಒಂದೇ: ಆಫರ್ ಲೆಟರ್ ಬಂದಾಗ ಒಟ್ಟು ಮೊತ್ತ ಆಮೇಲೆ ನೋಡಿ, ‘ಬೇಸಿಕ್’ ಎಂಬಲ್ಲಿ ಎಷ್ಟಿದೆ ಮೊದಲು ನೋಡಿ.

ಸಾವಿನ ಕೆಲಸದಲ್ಲಂತೂ ನಮ್ಮವರು ಜಾತಿ, ಭಾಷೆ, ಬಣ ನೋಡಿದ್ದಿಲ್ಲ. ದೇಹವನ್ನು ಊರಿಗೆ ಕಳಿಸಬೇಕಾದರೆ ಆಸ್ಪತ್ರೆಯ ಪತ್ರ, ಪೊಲೀಸರ ಒಪ್ಪಿಗೆ, ಮರಣಪತ್ರ, ಕಂಪನಿಯಿಂದ ವೀಸಾ ರದ್ದು, ದೂತಾವಾಸದಲ್ಲಿ ಪಾಸ್‌ಪೋರ್ಟ್ ರದ್ದು, ದೇಹ ಕೆಡದಂತೆ ಎಂಬಾಮಿಂಗ್, ವಿಮಾನದ ಕಾರ್ಗೋ ಬುಕಿಂಗು. ಒಂದು ಸಹಿಗೆ ರಜೆ ಅಡ್ಡ ಬಂದರೆ ಊರಲ್ಲಿ ಮನೆಯವರು ಇನ್ನೆರಡು ದಿನ ಕಾಯಬೇಕು. 2019ರಲ್ಲಿ ಏರ್ ಇಂಡಿಯಾ ನಿಗದಿತ ದರ ತರುವವರೆಗೂ ಶವಪೆಟ್ಟಿಗೆಯನ್ನು ತೂಗಿ ಕಿಲೋ ಲೆಕ್ಕದಲ್ಲಿ ದುಡ್ಡು ಕಟ್ಟಿಸಿಕೊಳ್ಳುತ್ತಿದ್ದರು. ಆ ತಕ್ಕಡಿಯ ಎದುರು ನಿಂತವರು ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಈ ಕೆಲಸವನ್ನು ನಮಗೆ ಕಲಿಸಿದವರು ಮಲಯಾಳಿಗಳು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅವರ ರಾಜ್ಯ 1996ರಲ್ಲೇ ಅನಿವಾಸಿಗಳಿಗೆ ಒಂದು ಇಲಾಖೆ ಕಟ್ಟಿತು; ನಮ್ಮವರು ಬಹುಕಾಲ ಅವರ ಸಂಘಟನೆಗಳ ಬಾಗಿಲಲ್ಲಿ ನಿಂತೇ ಕೆಲಸ ಮಾಡಿಸಿಕೊಂಡರು.

2006ರಲ್ಲಿ ದುಬೈಯಿಂದ ಮಂಗಳೂರಿಗೆ ನೇರ ವಿಮಾನ ಬಂದ ಮೇಲೆ ಮುಂಬಯಿಯ ಬಸ್ಸು ರೈಲುಗಳ ಪಾಡು ತಪ್ಪಿತು. ಅದೇ ಮಾರ್ಗದ ವಿಮಾನ 2010ರ ಮೇ 22ರಂದು ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಬಿದ್ದು 158 ಜನ ಹೋದರು. ನಮ್ಮಲ್ಲಿ ಆ ಪಟ್ಟಿಯನ್ನು ಪರಿಚಿತ ಹೆಸರಿಲ್ಲದೆ ಓದಿ ಮುಗಿಸಿದವರು ವಿರಳ. ಹತ್ತು ವರ್ಷದ ಬಳಿಕ, 2020ರ ಮೇ 12ರಂದು, ಕೊರೊನಾ ಕಾಲದ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಹೊರಟಾಗ ಗರ್ಭಿಣಿಯರು, ರೋಗಿಗಳು, ಕೆಲಸ ಕಳೆದುಕೊಂಡವರು ಎಂದು ಕರೆ ಮಾಡಿದವರನ್ನು ಸಾಲಾಗಿ ಬರೆದುಕೊಂಡು ದೂತಾವಾಸಕ್ಕೆ ಮುಟ್ಟಿಸಿದವರಲ್ಲಿ ನಮ್ಮ ಕಾರ್ಯಕರ್ತರೂ ಇದ್ದರು.

ಈಗ ಬರುವ ಪ್ರಶ್ನೆಗಳು ಬೇರೆ. ಹತ್ತು ವರ್ಷದ ಗೋಲ್ಡನ್ ವೀಸಾ 2019ರಿಂದ ಇದೆ, ಐವತ್ತೈದು ದಾಟಿದ ಉಳ್ಳವರಿಗೆ ನಿವೃತ್ತಿ ವೀಸಾವೂ ಇದೆ. ಆದರೆ ಹೋಟೆಲಿನ ಅಡುಗೆ ಭಟ್ಟನಿಗೆ, ಗ್ಯಾರೇಜಿನ ಮೇಸ್ತ್ರಿಗೆ ಇವೆರಡೂ ದೂರದ ಮಾತು. ಅವರು ಗ್ರಾಚ್ಯುಟಿ ಹಿಡಿದು ಊರಿಗೆ ಹೋಗಲೇಬೇಕು. ಅಲ್ಲಿ ಎನ್‌ಆರ್‌ಇ ಖಾತೆಯನ್ನು ಬದಲಾಯಿಸಬೇಕು. ಕೃಷಿಭೂಮಿ ಕೊಳ್ಳಲು ಎನ್‌ಆರ್‌ಐಗೆ ಅವಕಾಶವಿಲ್ಲವೆಂದು ತಮ್ಮನ ಹೆಸರಿನಲ್ಲಿ ಕೊಂಡ ತೋಟ ಈಗ ಯಾರದು ಎಂಬುದೂ ಇತ್ಯರ್ಥವಾಗಬೇಕು. ಇಂಥ ಜಗಳಗಳಲ್ಲಿ ಸಂಘ ಕೈಹಾಕಿದಾಗಲೆಲ್ಲ ಸುಟ್ಟುಕೊಂಡಿದೆ. ವಕೀಲರ ಹತ್ತಿರ ಕಳಿಸುವುದೇ ಲೇಸು ಎಂದು ನನ್ನ ಅಭಿಪ್ರಾಯ.

ಕೊನೆಯದಾಗಿ ಒಂದು ಕೋರಿಕೆ. ಮೇಲೆ ಹೇಳಿದ ಝೆರಾಕ್ಸ್ ಹಾಳೆಯ ಒಂದು ಪ್ರತಿಯೂ ಸಂಘದ ಕಪಾಟಿನಲ್ಲಿಲ್ಲ. ಅದಾಗಲಿ, ಹಳೆಯ ಬತಾಕಗಳಾಗಲಿ, ಹಡಗಿನ ಟಿಕೆಟ್ಟಾಗಲಿ, 2008ರ ಬ್ಯಾಂಕ್ ಪತ್ರಗಳಾಗಲಿ ಯಾರ ಮನೆಯ ಸೂಟ್‌ಕೇಸಿನಲ್ಲಿದ್ದರೂ ಪ್ರತಿ ಮಾಡಿಸಿ ಕಾರ್ಯದರ್ಶಿಯವರಿಗೆ ತಲುಪಿಸಿ. ಮುಂದಿನ ಸಂಚಿಕೆಯಲ್ಲಿ ಮುಖ್ಯ ಅತಿಥಿಗಳ ಭಾವಚಿತ್ರಕ್ಕೆ ಎರಡು ಪುಟ ಕಡಿಮೆ ಮಾಡಿ ಇವಕ್ಕೆ ಜಾಗ ಕೊಡಬೇಕೆಂದು ಸಂಪಾದಕ ಮಂಡಳಿಗೆ ಈಗಲೇ ಹೇಳಿಟ್ಟಿದ್ದೇನೆ. ಅವರಿನ್ನೂ ಹೂಂ ಎಂದಿಲ್ಲ.