ಆ ಕಡೆಯಿಂದ ‘ಹಲೋ’ ಅಂದವರು ಯಾರು?

ಮೇ 11, 1935. ಶನಿವಾರ. ಅಮೆರಿಕದ ಓಹಾಯೋ ರಾಜ್ಯದಲ್ಲಿ ಆ್ಯಕ್ರನ್ ಅಂತ ಒಂದು ಊರು. ಅಲ್ಲಿನ ಮೇಫ್ಲವರ್ ಹೋಟೆಲ್ ಲಾಬಿಯಲ್ಲಿ ಒಬ್ಬ ಮನುಷ್ಯ ಅತ್ತಿಂದಿತ್ತ ಓಡಾಡ್ತಿದ್ದಾನೆ. ಹೆಸರು ಬಿಲ್ ವಿಲ್ಸನ್. ನ್ಯೂಯಾರ್ಕಿನ ಷೇರು ವ್ಯವಹಾರದವನು. ಬಂದ ಕೆಲಸ ಕೆಟ್ಟಿದೆ, ಜೇಬು ಖಾಲಿ. ಕುಡಿತ ಬಿಟ್ಟು ಐದು ತಿಂಗಳಷ್ಟೇ ಆಗಿದೆ. ಲಾಬಿಯ ಒಂದು ಕಡೆ ಬಾರ್, ಒಳಗಿನಿಂದ ನಗುವಿನ ಸದ್ದು. ಇನ್ನೊಂದು ಕಡೆ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ.

ವಿಲ್ಸನ್ ಫೋನಿನ ಕಡೆ ಹೋದ. ಪಟ್ಟಿಯಲ್ಲಿದ್ದ ಒಬ್ಬ ಪಾದ್ರಿಗೆ ಕರೆ ಮಾಡಿದ. ಅಲ್ಲಿಂದ ಮತ್ತೊಬ್ಬರಿಗೆ, ಮಗದೊಬ್ಬರಿಗೆ. ಅವನು ಕೇಳಿದ್ದು ಔಷಧಿಯನ್ನಲ್ಲ, ಉಪದೇಶವನ್ನೂ ಅಲ್ಲ. ನನ್ನ ಹಾಗೇ ಕುಡಿತದಿಂದ ಒದ್ದಾಡ್ತಿರೋ ಇನ್ನೊಬ್ಬರ ಜೊತೆ ಮಾತಾಡಬೇಕು, ಅಷ್ಟೇ. ಮಾರನೇ ದಿನ ಬಾಬ್ ಸ್ಮಿತ್ ಅನ್ನೋ ವೈದ್ಯ ಸಿಕ್ಕಿದ. ಅವನೂ ಕುಡುಕನೇ. ಹದಿನೈದು ನಿಮಿಷ ಮಾತಾಡಿ ಹೊರಡ್ತೀನಿ ಅಂತ ಬಂದವನು ಗಂಟೆಗಟ್ಟಲೆ ಕೂತುಬಿಟ್ಟ. ಸ್ಮಿತ್ ಕೊನೆಯ ಸಲ ಕುಡಿದದ್ದು ಅದೇ ಜೂನ್ 10ರಂದು. ಇವತ್ತು ಜಗತ್ತಿನ ತುಂಬ ಇರುವ ಆಲ್ಕೋಹಾಲಿಕ್ಸ್ ಅನಾನಿಮಸ್ ತನ್ನ ಹುಟ್ಟುಹಬ್ಬ ಅಂತ ಆಚರಿಸೋದು ಆ ದಿನವನ್ನೇ.

ಇಷ್ಟು ಹಳೆಯ ಕಥೆ ಈಗ ಯಾಕೆ? ಇವತ್ತು ಎಲ್ಲದಕ್ಕೂ ಆ್ಯಪ್ ಇದೆ. ಕುಡಿತ ಬಿಡೋಕೆ ಆ್ಯಪ್, ಖಿನ್ನತೆಗೆ ಆ್ಯಪ್, ಎಚ್‌ಐವಿ ಮಾತ್ರೆ ನೆನಪಿಸೋಕೆ ಸಂದೇಶ. ಇದೆಲ್ಲ ಹೊಚ್ಚ ಹೊಸದು ಅಂತ ನಾವು ಅಂದುಕೊಂಡಿದ್ದೀವಿ. ಅಲ್ಲ. ಕಷ್ಟದಲ್ಲಿರೋ ಮನುಷ್ಯ ಯಂತ್ರದ ಮೂಲಕ ಇನ್ನೊಬ್ಬರನ್ನು ಹುಡುಕೋದಕ್ಕೆ ಆಗಲೇ ತೊಂಬತ್ತು ವರ್ಷದ ಇತಿಹಾಸ ಇದೆ. ಆ ಇತಿಹಾಸ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತೆ: ಆ ಕಡೆ ಯಾರಿದ್ದಾರೆ?

ಲಂಡನ್‌ಗೆ ಬನ್ನಿ. ಚಾಡ್ ವಾರಾ ಅನ್ನೋ ಪಾದ್ರಿ. 1935ರಲ್ಲಿ, ಇನ್ನೂ ಹೊಸಬನಾಗಿದ್ದಾಗ, ಅವನು ಒಬ್ಬ ಹದಿಹರೆಯದ ಹುಡುಗಿಯ ಅಂತ್ಯಸಂಸ್ಕಾರ ನಡೆಸಬೇಕಾಯ್ತು. ಆ ಮಗುವಿಗೆ ಮೊದಲ ಸಲ ಮುಟ್ಟಾಗಿತ್ತು. ಅದೇನು ಅಂತ ಹೇಳಿಕೊಟ್ಟವರಿಲ್ಲ. ತನಗೆ ಗುಪ್ತರೋಗ ಬಂದಿದೆ ಅಂತ ಹೆದರಿ ಜೀವ ಕಳೆದುಕೊಂಡಿದ್ದಳು. ಕೇಳೋಕೆ ಒಬ್ಬರು ಇದ್ದಿದ್ದರೆ ಸಾಕಿತ್ತು. 1953ರ ನವೆಂಬರ್ 2ರಂದು ವಾರಾ ತನ್ನ ಚರ್ಚಿನ ಫೋನನ್ನೇ ಸಹಾಯವಾಣಿ ಮಾಡಿದ. ಅದೇ ಮುಂದೆ ಸಮರಿಟನ್ಸ್ ಆಯ್ತು.

ಇಲ್ಲೊಂದು ತಮಾಷೆ ನಡೀತು. ಜನ ಫೋನ್ ಮಾಡಿದರು, ಜೊತೆಗೆ ನೇರವಾಗಿಯೂ ಬಂದರು. ಪಾದ್ರಿಗಾಗಿ ಕಾಯೋವರಿಗೆ ಸ್ವಯಂಸೇವಕರು ಚಹಾ ಕೊಟ್ಟು ಮಾತಾಡಿಸ್ತಿದ್ದರು. ಸ್ವಲ್ಪ ದಿನದಲ್ಲೇ ವಾರಾಗೆ ಒಂದು ವಿಷಯ ಗೊತ್ತಾಯ್ತು. ಬಂದವರಲ್ಲಿ ಬಹಳ ಜನ ಚಹಾ ಕೊಟ್ಟವರ ಹತ್ರ ಮನಸ್ಸು ಬಿಚ್ಚಿ, ಹಗುರಾಗಿ, ತನ್ನನ್ನು ನೋಡದೇ ಎದ್ದು ಹೋಗ್ತಿದ್ದಾರೆ! 1954ರ ಫೆಬ್ರವರಿಯಲ್ಲಿ ಅವನು ಫೋನನ್ನು ಆ ಸ್ವಯಂಸೇವಕರ ಕೈಗೇ ಕೊಟ್ಟುಬಿಟ್ಟ.

ಹಾಗಾದರೆ ಕೇಳಿಸಿಕೊಳ್ಳೋ ಕೆಲಸವನ್ನು ಯಂತ್ರಕ್ಕೇ ಕೊಟ್ಟರೆ? ಅದನ್ನೂ ಮಾಡಿ ನೋಡಿಯಾಗಿದೆ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ‘ಎಲಿಜಾ’ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ಪ್ರಕಟಿಸಿದ. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡೋದು, ಅದರ ಬುದ್ಧಿ ಅಷ್ಟೇ. ‘ನನಗೆ ಬೇಜಾರು’ ಅಂದರೆ ‘ನಿಮಗೆ ಬೇಜಾರು ಯಾಕೆ’ ಅನ್ನೋ ರೀತಿ. ಒಂದು ದಿನ ಅವನ ಕಾರ್ಯದರ್ಶಿ ಅದರ ಜೊತೆ ಮಾತಾಡೋಕೆ ಕೂತಳು. ಸ್ವಲ್ಪ ಹೊತ್ತಿಗೇ, ದಯವಿಟ್ಟು ಹೊರಗೆ ಹೋಗ್ತೀರಾ ಅಂತ ವೈಜೆನ್‌ಬಾಮ್‌ಗೇ ಹೇಳಿದಳು! ಆ ಪ್ರೋಗ್ರಾಂ ಬರೆಯೋದನ್ನು ತಿಂಗಳುಗಟ್ಟಲೆ ನೋಡಿದ್ದವಳು ಅವಳು. ವೈಜೆನ್‌ಬಾಮ್ ಖುಷಿ ಪಡಲಿಲ್ಲ, ಗಾಬರಿಯಾದ. ಕಂಪ್ಯೂಟರಿಗೆ ಯಾವ ಕೆಲಸ ಕೊಡಬಾರದು ಅನ್ನೋದರ ಬಗ್ಗೆ 1976ರಲ್ಲಿ ಒಂದು ಪುಸ್ತಕವನ್ನೇ ಬರೆದ.

ನಾನು ಎಂಜಿನಿಯರಿಂಗ್ ಓದಿದವನು. ಓದುವಾಗ ಎಲಿಜಾ ಕಥೆ ಕೇಳಿ ನಕ್ಕಿದ್ದೆ. ಆಮೇಲೆ ನಗು ನಿಂತಿತು. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದ ಗೆಳೆಯ ಕೆಲಸಕ್ಕೆ ಸೇರಿದ ಮೇಲೆ ಕುಡಿತಕ್ಕೆ ಬಿದ್ದ. ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟವನು ನಾನೇ. ದಿನಾ ರಾತ್ರಿ ಅದು ‘ಇವತ್ತು ಹೇಗಿದ್ದೀರಿ’ ಅಂತ ಕೇಳುತ್ತೆ, ಇವನು ಒಂದು ನಗುಮುಖವನ್ನೋ ಅಳುಮುಖವನ್ನೋ ಒತ್ತಬೇಕು. ಮೂರು ತಿಂಗಳ ನಂತರ ಸಿಕ್ಕಾಗ, ಹೇಗಿದೆ ಆ್ಯಪ್ ಅಂದೆ. ತೆಗೆದು ಹಾಕಿದೆ ಅಂದ. ‘ಸತತ ಹನ್ನೊಂದು ದಿನ ಅಳುಮುಖ ಒತ್ತಿದೆ ಕಣೋ. ಹನ್ನೆರಡನೇ ದಿನಾನೂ ಅದು ಅದೇ ಪ್ರಶ್ನೆ ಕೇಳ್ತು.’

ಆ ಮೂರು ತಿಂಗಳಲ್ಲಿ ನಾನು ಎಷ್ಟು ಸಲ ಅವನಿಗೆ ಫೋನ್ ಮಾಡಿದ್ದೆ ಗೊತ್ತಾ? ಒಂದು ಸಲಾನೂ ಇಲ್ಲ. ಆ್ಯಪ್ ಇದೆಯಲ್ಲ, ನೋಡಿಕೊಳ್ಳುತ್ತೆ ಅಂದುಕೊಂಡಿದ್ದೆ.

ಹಾಗಂತ ತಂತ್ರಜ್ಞಾನವೇ ಬೇಡ ಅಂತಲ್ಲ. ಕೀನ್ಯಾ ನೋಡಿ. 2007ರಿಂದ 2008ರವರೆಗೆ ಅಲ್ಲಿನ ಮೂರು ಆಸ್ಪತ್ರೆಗಳಲ್ಲಿ, ಎಚ್‌ಐವಿಗೆ ಮಾತ್ರೆ ಶುರು ಮಾಡಿದ 538 ಜನರ ಮೇಲೆ ಒಂದು ಪ್ರಯೋಗ ನಡೀತು. ಈ ಮಾತ್ರೆ ಎಚ್‌ಐವಿ ತಡೆಯೋ ಅಸ್ತ್ರವೂ ಹೌದು. ತಪ್ಪದೇ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾದರೆ, ಸಂಗಾತಿಗೆ ಲೈಂಗಿಕವಾಗಿ ಸೋಂಕು ಹರಡಲ್ಲ. ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ವಾರಕ್ಕೊಂದು ಎಸ್‌ಎಂಎಸ್. ಒಂದೇ ಪದ: ‘ಮಾಂಬೋ?’ ಸ್ವಾಹಿಲಿಯಲ್ಲಿ ‘ಏನ್ ಸಮಾಚಾರ?’ ಅಂತ. ಎರಡು ದಿನದೊಳಗೆ ‘ಸಾವಾ’ ಅಥವಾ ‘ಶೀದಾ’ ಅಂತ ಉತ್ತರಿಸಬೇಕು. ಸಾವಾ ಅಂದರೆ ಚೆನ್ನಾಗಿದ್ದೀನಿ, ಶೀದಾ ಅಂದರೆ ತೊಂದರೆ ಇದೆ. ಶೀದಾ ಅಂದವರಿಗೂ, ಉತ್ತರವೇ ಕೊಡದವರಿಗೂ ಆಸ್ಪತ್ರೆಯವರು ಫೋನ್ ಮಾಡ್ತಿದ್ದರು. 2010ರಲ್ಲಿ ಫಲಿತಾಂಶ ಬಂತು. ಮಾತ್ರೆ ಸರಿಯಾಗಿ ತಗೊಂಡೆವು ಅಂದವರು ಸಂದೇಶ ಹೋದ ಗುಂಪಿನಲ್ಲಿ ಶೇಕಡಾ 62, ಹೋಗದ ಗುಂಪಿನಲ್ಲಿ ಶೇಕಡಾ 50.

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ದಕ್ಷಿಣ ಭಾರತದ ಮೂರು ಕಡೆ ಇಂಥದ್ದೇ ಪ್ರಯೋಗ ಮಾಡಿದರು. ಹೊಸದಾಗಿ ಎಚ್‌ಐವಿ ಚಿಕಿತ್ಸೆ ಶುರು ಮಾಡಿದ 631 ಜನ. ಅರ್ಧದಷ್ಟು ಜನರಿಗೆ ವಾರಕ್ಕೊಂದು ಸ್ವಯಂಚಾಲಿತ ಧ್ವನಿ ಕರೆ, ಜೊತೆಗೆ ಒಂದು ಚಿತ್ರ ಸಂದೇಶ. 2014ರಲ್ಲಿ ಬಂದ ಫಲಿತಾಂಶ ಏನು? ಎರಡೂ ಗುಂಪಿಗೆ ವ್ಯತ್ಯಾಸವೇ ಕಾಣಲಿಲ್ಲ.

ದೇಶ ಬೇರೆ, ಜನ ಬೇರೆ, ಅಳೆದ ವಿಧಾನವೂ ಬೇರೆ. ಹಾಗಾಗಿ ಇದೊಂದೇ ಕಾರಣ ಅಂತ ನಾನು ತೀರ್ಪು ಕೊಡಲ್ಲ. ಆದರೆ ಕೀನ್ಯಾದಲ್ಲಿ ‘ಶೀದಾ’ ಅಂದರೆ ಒಬ್ಬ ಮನುಷ್ಯ ಫೋನ್ ಮಾಡ್ತಿದ್ದ. ಇಲ್ಲಿ ಪ್ರತಿ ವಾರ ಕರೆ ಮಾಡ್ತಿದ್ದದ್ದು ಯಂತ್ರ. ನನ್ನ ಗೆಳೆಯನ ಮಾತು ನೆನಪಾಗದೇ ಇರುತ್ತಾ?

ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೀತು. ಬೇರೆ ಬೇರೆ ಮನೋರೋಗ ಇರುವವರಲ್ಲಿ ಶೇಕಡಾ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗ್ತಿಲ್ಲ ಅಂತ ಅದು ಹೇಳಿತು. ಹತ್ತರಲ್ಲಿ ಏಳರಿಂದ ಒಂಬತ್ತು ಜನ! ಇಷ್ಟು ಜನರಿಗೆ ಎದುರು ಕೂತು ಮಾತಾಡುವಷ್ಟು ವೈದ್ಯರು ನಮ್ಮಲ್ಲಿಲ್ಲ. ಅದಕ್ಕೇ ಫೋನು ಬೇಕು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಟೆಲಿ-ಮಾನಸ್ ಶುರುವಾಯ್ತು. ನಿಮ್ಹಾನ್ಸ್ ಮುಂದಾಳತ್ವ, ತಂತ್ರಜ್ಞಾನದ ನೆರವು ಬೆಂಗಳೂರಿನ ಟ್ರಿಪಲ್ ಐಟಿಯದ್ದು. ಉಚಿತ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು, ಅಗತ್ಯ ಬಿದ್ದರೆ ತಜ್ಞರು. ಎಚ್‌ಐವಿ ಬಗ್ಗೆ ಕೇಳೋಕೆ 2014ರ ಡಿಸೆಂಬರ್ 1ರಿಂದ 1097 ಇದೆ. ಈ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಮಾಡೋದು ಕರೆಯನ್ನು ಸರಿಯಾದ ಜಾಗಕ್ಕೆ ಮುಟ್ಟಿಸೋ ಕೆಲಸ. ಮಾತಾಡೋದು ಮನುಷ್ಯರು.

ಆ ಮನುಷ್ಯರಿಗೆ ಸಂಬಳ ಸರಿಯಾಗಿ ಸಿಗ್ತಿದೆಯಾ? ರಾತ್ರಿ ಪಾಳಿಗೆ ಸಾಕಷ್ಟು ಜನ ಇದ್ದಾರಾ? ಸಾಲು ಬ್ಯುಸಿ ಇದ್ದರೆ ಯಾರಾದರೂ ತಿರುಗಿ ಕರೆ ಮಾಡ್ತಾರಾ? ಸಹಾಯವಾಣಿ ಉದ್ಘಾಟನೆಯಾದಾಗ ನಾವು ಕ್ಯಾಮೆರಾ ತಗೊಂಡು ಓಡ್ತೀವಿ. ಈ ಪ್ರಶ್ನೆ ಕೇಳೋಕೆ ಆಮೇಲೆ ಹೋಗಲ್ಲ.

ಇನ್ನೊಂದು ಎಚ್ಚರಿಕೆ. ಜನ ಫೋನಿನಲ್ಲಿ ಮನಸ್ಸು ಬಿಚ್ಚೋದು ಮುಖ ಕಾಣಲ್ಲ ಅನ್ನೋ ಧೈರ್ಯದಿಂದ. ಆ ಧೈರ್ಯ ಉಳಿಯಬೇಕಾದರೆ ಗುಟ್ಟು ಗುಟ್ಟಾಗೇ ಇರಬೇಕು. 2019ರ ಜನವರಿಯಲ್ಲಿ ಸಿಂಗಪುರದ ಸರ್ಕಾರಿ ದಾಖಲೆಯಲ್ಲಿದ್ದ 14,200 ಎಚ್‌ಐವಿ ಸೋಂಕಿತರ ಹೆಸರು, ವಿವರ ಸೋರಿಕೆಯಾಗಿರೋದು ಬಹಿರಂಗವಾಯ್ತು. ಅಷ್ಟು ಮುಂದುವರಿದ ದೇಶದ್ದೇ ಈ ಕಥೆ. ನಮ್ಮಲ್ಲಿ 2017ರ ಎಚ್‌ಐವಿ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಆದರೆ ಒಂದು ಸಲ ಸೋರಿದ ಹೆಸರನ್ನು ಯಾವ ಕಾಯ್ದೆ ವಾಪಸ್ ತರುತ್ತೆ? ಆ್ಯಪ್‌ನಲ್ಲಿ ‘ಒಪ್ಪಿಗೆ’ ಅಂತ ಒತ್ತೋ ಮೊದಲು ಯಾರ ಕೈಗೆ ಏನು ಕೊಡ್ತಿದ್ದೀವಿ ಅಂತ ನೋಡಿ.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ಆತ್ಮಹತ್ಯೆಯ ಸುದ್ದಿ ಓದುವಾಗ ಕೆಳಗೆ ಸಹಾಯವಾಣಿ ಸಂಖ್ಯೆ ಓಡುತ್ತಲ್ಲ, ಒಂದು ದಿನ ಅದನ್ನು ಮನೆಯಲ್ಲಿ ಕೂತು ನೋಡಿದೆ. ನಾಲ್ಕು ಸೆಕೆಂಡು! ಬರೆದುಕೊಳ್ಳೋದಿರಲಿ, ಓದೋಕೂ ಆಗಲ್ಲ. ಮಾರನೇ ದಿನ ಡೆಸ್ಕಿನಲ್ಲಿ ಜಗಳ ಆಡಿದೆ. ಈಗ ಅಂಥ ಸುದ್ದಿ ಬಂದಾಗ ಸಂಖ್ಯೆ ಪರದೆ ಮೇಲೆ ನಿಲ್ಲುತ್ತೆ, ನಾನೂ ಎರಡು ಸಲ ಬಾಯಿಬಿಟ್ಟು ಓದ್ತೀನಿ.

ಆ ಗೆಳೆಯನಿಗೆ ಈಗ ಪ್ರತಿ ಭಾನುವಾರ ಫೋನ್ ಮಾಡ್ತೀನಿ. ಬಿಟ್ಟಿದ್ದಾನಾ? ಎರಡು ಸಲ ಬಿಟ್ಟ, ಒಂದು ಸಲ ಮತ್ತೆ ಶುರು ಮಾಡಿದ. ಈಗ ವೈದ್ಯರ ಹತ್ರ ಹೋಗ್ತಿದ್ದಾನೆ. ಹೋದ ಭಾನುವಾರ ನಾನು ಸ್ಟುಡಿಯೋದಲ್ಲಿ ಸಿಕ್ಕಿಹಾಕಿಕೊಂಡು ಕರೆ ಮಾಡೋದು ತಡವಾಯ್ತು. ರಾತ್ರಿ ಹತ್ತಕ್ಕೆ ಅವನೇ ಮಾಡಿದ. ‘ಏನೋ, ಹೇಗಿದ್ದೀಯ?’ ಅಂದ.