ಹ್ಯಾಮ್ ಆಂಟೆನಾ: ಜನ ಹೆದರುವುದು ಒಂದಕ್ಕೆ, ಅಪಾಯ ಇರುವುದು ಇನ್ನೊಂದರಲ್ಲಿ

ಪಕ್ಕದ ಮನೆಯ ತಾರಸಿಯ ಮೇಲೆ ಒಂದು ದಿನ ಉದ್ದನೆಯ ಕಂಬವೊಂದು ಎದ್ದು ನಿಲ್ಲುತ್ತದೆ. ಅದರ ತುದಿಯಲ್ಲಿ ಮೀನಿನ ಮೂಳೆಯಂತೆ ಅಲ್ಯುಮಿನಿಯಂ ಕಡ್ಡಿಗಳು, ಇಲ್ಲವೇ ಎರಡೂ ಬದಿಗೆ ಇಳಿಬಿಟ್ಟ ತಂತಿ. ವಿಚಾರಿಸಿದರೆ ಆ ಮನೆಯವರು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಬಳಕೆದಾರರು ಎಂದು ತಿಳಿಯುತ್ತದೆ. ಕೂಡಲೇ ಬೀದಿಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ: "ಅದರಿಂದ ವಿಕಿರಣ ಬರುವುದಿಲ್ಲವೇ?" "ಅದು ಸಿಡಿಲನ್ನು ಎಳೆಯುವುದಿಲ್ಲವೇ?"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಹ್ಯಾಮ್ ಆಂಟೆನಾದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಿರುವುದು ಬೇರೆ ಮೂರು ಕಡೆ: ಹತ್ತಿರದ ವಿದ್ಯುತ್ ತಂತಿ, ಮೇಲಿನಿಂದ ಬೀಳುವ ಮನುಷ್ಯ ಮತ್ತು ಯಾರೂ ನೋಡದ ತುಕ್ಕು. ಇವನ್ನೆಲ್ಲ ಒಂದೊಂದಾಗಿ ನೋಡೋಣ.

ಆಂಟೆನಾ ಎಷ್ಟು ಉದ್ದ ಇರಬೇಕು?

ಆಂಟೆನಾದ ಉದ್ದವನ್ನು ತೀರ್ಮಾನಿಸುವುದು ನಾವು ಬಳಸುವ ತರಂಗದ ಉದ್ದ. ಸಾಮಾನ್ಯವಾಗಿ ಬಳಸುವ ಡೈಪೋಲ್ ಎಂಬ ಆಂಟೆನಾ ತರಂಗದ ಅರ್ಧದಷ್ಟಿರುತ್ತದೆ. ಲೆಕ್ಕ ಸುಲಭ: 143 ಅನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಬೇಕಾದ ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್, 14.1 ಮೆಗಾಹರ್ಟ್ಸ್‌ಗೆ ಸುಮಾರು 10 ಮೀಟರ್, 145 ಮೆಗಾಹರ್ಟ್ಸ್‌ಗೆ ಒಂದು ಮೀಟರ್‌ಗೂ ತುಸು ಕಡಿಮೆ. ಹೊಸದಾಗಿ ಶುರುಮಾಡುವವರಿಗೆ ತಾಮ್ರದ ತಂತಿ, ಎರಡು ಇನ್ಸುಲೇಟರ್ ಮತ್ತು ಒಂದು ಕೋಆಕ್ಸಿಯಲ್ ಕೇಬಲ್ ಸಾಕು. ದೊಡ್ಡ ಟವರ್ ಮೊದಲ ದಿನವೇ ಬೇಕಾಗಿಲ್ಲ.

"ಎತ್ತರ ಹೆಚ್ಚಿದಷ್ಟೂ ಒಳ್ಳೆಯದು" ನಿಜವೇ?

ಅರ್ಧ ನಿಜ. 145 ಮೆಗಾಹರ್ಟ್ಸ್‌ನಂತಹ ಆವರ್ತನಗಳಲ್ಲಿ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಭೂಮಿ ದುಂಡಗಿರುವುದರಿಂದ ಎತ್ತರದ ಆಂಟೆನಾಗೆ ಹೆಚ್ಚು ದೂರ 'ಕಾಣುತ್ತದೆ'. ಆದರೆ ಈ ದೂರ ಹೆಚ್ಚುವುದು ಎತ್ತರದ ವರ್ಗಮೂಲದಂತೆ. ಸಮತಟ್ಟಾದ ಬಯಲಿನಲ್ಲಿ 9 ಮೀಟರ್ ಎತ್ತರದ ಆಂಟೆನಾದ ರೇಡಿಯೋ ದಿಗಂತ ಸುಮಾರು 12 ಕಿಲೋಮೀಟರ್. ಅದನ್ನು ಎರಡರಷ್ಟು ಮಾಡಬೇಕೆಂದರೆ ಆಂಟೆನಾ 36 ಮೀಟರ್‌ಗೆ ಏರಬೇಕು. ಎತ್ತರ ನಾಲ್ಕು ಪಟ್ಟು, ಲಾಭ ಎರಡು ಪಟ್ಟು ಮಾತ್ರ.

ಎತ್ತರದ ಜೊತೆಗೆ ಕೇಬಲ್ ಕೂಡ ಉದ್ದವಾಗುತ್ತದೆ. ತೆಳುವಾದ ಆರ್‌ಜಿ-58 ಕೇಬಲ್ 30 ಮೀಟರ್ ಎಳೆದರೆ, 145 ಮೆಗಾಹರ್ಟ್ಸ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಶಕ್ತಿ ಕೇಬಲ್‌ನಲ್ಲೇ ಶಾಖವಾಗಿ ಕಳೆದುಹೋಗುತ್ತದೆ. ದಪ್ಪನೆಯ ಆರ್‌ಜಿ-213 ಆದರೂ ಅರ್ಧದ ಹತ್ತಿರ ಹೋಗುತ್ತದೆ.

7 ಮೆಗಾಹರ್ಟ್ಸ್‌ನ ಕಥೆಯೇ ಬೇರೆ. ಆ ತರಂಗಗಳು ಅಯಾನುಗೋಳದಿಂದ ಬಾಗಿ ಮತ್ತೆ ನೆಲಕ್ಕೆ ಬರುತ್ತವೆ. ಆರರಿಂದ ಹತ್ತು ಮೀಟರ್ ಎತ್ತರದಲ್ಲಿ ಕಟ್ಟಿದ ತಂತಿ ಹೆಚ್ಚಿನ ಶಕ್ತಿಯನ್ನು ಮೇಲ್ಮುಖವಾಗಿ ಕಳಿಸುತ್ತದೆ. ಹಗಲಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೋ ಕಲಬುರಗಿಗೋ ಮಾತನಾಡಲು ಇದೇ ಅನುಕೂಲ. ದೂರದ ಖಂಡಗಳನ್ನು ತಲುಪಬೇಕೆನ್ನುವವರಿಗೆ ಹೆಚ್ಚು ಎತ್ತರ ಬೇಕು. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ "ಎಷ್ಟು ಎತ್ತರ ಸಾಧ್ಯ?" ಅಲ್ಲ, "ಯಾರ ಜೊತೆ ಮಾತನಾಡಬೇಕು?"

ಮೊದಲನೇ ಅಪಾಯ: ವಿದ್ಯುತ್ ತಂತಿ

ನಮ್ಮ ಊರುಗಳಲ್ಲಿ 11 ಸಾವಿರ ವೋಲ್ಟ್‌ನ ತಂತಿಗಳು ಎಷ್ಟೋ ಕಡೆ ಮನೆಗಳ ಪಕ್ಕದಲ್ಲೇ ಹಾದುಹೋಗುತ್ತವೆ. ಅವು ಹೆಚ್ಚಾಗಿ ಬೆತ್ತಲೆ ತಂತಿಗಳು, ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದಿಲ್ಲ. ಕೆಳಗಿನಿಂದ ನೋಡಿದಾಗ ದೂರ ಇದೆ ಅನ್ನಿಸಿದರೂ, ಆರು ಮೀಟರ್ ಅಲ್ಯುಮಿನಿಯಂ ಕಂಬವನ್ನು ಎತ್ತುವಾಗ ಕೈಯಲ್ಲಿ ಒಂದಿಷ್ಟು ಜಾರಿದರೆ ಅದರ ತುದಿ ಮೀಟರ್‌ಗಟ್ಟಲೆ ಸರಿಯುತ್ತದೆ. ತಂತಿಗೆ ತಾಗಿದರೆ ವಿದ್ಯುತ್ತು ಕಂಬ ಹಿಡಿದವರ ಮೂಲಕವೇ ನೆಲಕ್ಕೆ ಹೋಗುತ್ತದೆ.

ಇದಕ್ಕೆ ನಾವು ಪಾಲಿಸಬಹುದಾದ ನಿಯಮ ಒಂದೇ: ಕಂಬ ಮತ್ತು ಆಂಟೆನಾದ ಒಟ್ಟು ಎತ್ತರದ ಒಂದೂವರೆ ಪಟ್ಟು ದೂರದೊಳಗೆ ಯಾವುದೇ ವಿದ್ಯುತ್ ತಂತಿ ಇರಬಾರದು. ಕಂಬದಿಂದ ಮನೆಗೆ ಬರುವ 230 ವೋಲ್ಟ್‌ನ ಸರ್ವಿಸ್ ತಂತಿಯೂ ಈ ಲೆಕ್ಕಕ್ಕೆ ಸೇರುತ್ತದೆ. ಜಾಗ ಅಷ್ಟಿಲ್ಲದಿದ್ದರೆ ಕಂಬ ಗಿಡ್ಡವಾಗಲಿ, ಇಲ್ಲವೇ ಬೇರೆ ಜಾಗ ಹುಡುಕೋಣ. "ಪಿವಿಸಿ ಪೈಪ್ ಬಳಸಿದರೆ ತೊಂದರೆ ಇಲ್ಲ" ಎನ್ನುವುದು ತಪ್ಪು. ಪೈಪ್ ವಿದ್ಯುತ್ತನ್ನು ಹರಿಸದಿದ್ದರೂ ಅದರೊಡನೆ ಇರುವ ಆಂಟೆನಾ ತಂತಿ ಮತ್ತು ಕೇಬಲ್ ಹರಿಸುತ್ತವೆ.

ಎತ್ತುವಾಗ ಕಂಬ ತಂತಿಯ ಕಡೆ ವಾಲಿದರೆ ಹಿಡಿದು ನಿಲ್ಲಿಸಲು ಹೋಗಬಾರದು, ಕೈಬಿಟ್ಟು ದೂರ ಸರಿಯಬೇಕು. ಆಂಟೆನಾ ಮತ್ತೆ ಮಾಡಿಕೊಳ್ಳಬಹುದು. ಯಾರಿಗಾದರೂ ವಿದ್ಯುತ್ ತಗುಲಿದರೆ ಅವರನ್ನು ಮುಟ್ಟದೆ ಮೊದಲು 1912ಕ್ಕೆ ಕರೆಮಾಡಿ ಲೈನ್ ಬಂದ್ ಮಾಡಿಸಬೇಕು, ಜೊತೆಗೇ 108 ಅಥವಾ 112ಕ್ಕೆ ತಿಳಿಸಬೇಕು. 11 ಸಾವಿರ ವೋಲ್ಟ್‌ನ ಎದುರು ಒಣ ಕಟ್ಟಿಗೆಯನ್ನೂ ನಂಬುವಂತಿಲ್ಲ.

ಗಾಳಿಯ ಲೆಕ್ಕ

ಗಾಳಿಯ ವೇಗ ಎರಡರಷ್ಟಾದರೆ ಅದು ಹಾಕುವ ಒತ್ತಡ ನಾಲ್ಕರಷ್ಟಾಗುತ್ತದೆ. ಕಟ್ಟಡಗಳ ವಿನ್ಯಾಸಕ್ಕೆ ಬಳಸುವ ಭಾರತೀಯ ಮಾನಕ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ಗಾಳಿ ವೇಗವೆಂದು ಇಟ್ಟಿದ್ದಾರೆ. ಗಂಟೆಗೆ ಸುಮಾರು 120 ಮತ್ತು 140 ಕಿಲೋಮೀಟರ್. ಈ ವೇಗದಲ್ಲಿ ಒಂದು ಚದರ ಮೀಟರ್ ಮೇಲೆ ಬೀಳುವ ಒತ್ತಡ ಬೆಂಗಳೂರಿನಲ್ಲಿ ಸುಮಾರು 66 ಕಿಲೋ ತೂಕಕ್ಕೆ, ಮಂಗಳೂರಿನಲ್ಲಿ ಸುಮಾರು 93 ಕಿಲೋ ತೂಕಕ್ಕೆ ಸಮ. ವೇಗದಲ್ಲಿ ಆರು ಮೀಟರ್ ವ್ಯತ್ಯಾಸವಾದರೂ ಬಲ ಶೇಕಡಾ 40ರಷ್ಟು ಹೆಚ್ಚು. ಹಾಗಾಗಿ ಬೆಂಗಳೂರಿನ ಗೆಳೆಯರ ಕಂಬ ನಿಂತಿದೆ ಎಂದು ಅದೇ ಅಳತೆಯ ಕಂಬವನ್ನು ಕರಾವಳಿಯಲ್ಲಿ ನಿಲ್ಲಿಸುವಂತಿಲ್ಲ.

ಈ ಬಲವನ್ನು ತಡೆಯುವುದು ಗೈ ವೈರ್ ಎನ್ನುವ ಆಧಾರ ತಂತಿಗಳು. ಕನಿಷ್ಠ ಮೂರು ದಿಕ್ಕಿಗೆ, ಒಂದರಿಂದ ಒಂದಕ್ಕೆ 120 ಡಿಗ್ರಿ ಅಂತರದಲ್ಲಿ ಕಟ್ಟಬೇಕು. ಕಂಬದ ಬುಡದಿಂದ ಗೂಟದವರೆಗಿನ ದೂರ ಕಂಬದ ಎತ್ತರದ ಶೇಕಡಾ 70ರ ಆಸುಪಾಸು ಇದ್ದರೆ ಒಳ್ಳೆಯದು. 30×40 ಸೈಟಿನ ಮನೆಯ ತಾರಸಿಯಲ್ಲಿ ಈ ಲೆಕ್ಕ ಹಾಕಿದರೆ ಕಂಬ ಆರು ಮೀಟರ್ ಆಸುಪಾಸಿಗೆ ನಿಂತುಬಿಡುತ್ತದೆ. ಅದಕ್ಕಿಂತ ಎತ್ತರ ಬೇಕೆಂದರೆ ಇಂಜಿನಿಯರ್ ಒಬ್ಬರಿಂದ ಲೆಕ್ಕ ಮಾಡಿಸುವುದೇ ದಾರಿ.

ಗೈ ವೈರನ್ನು ಪ್ಯಾರಪೆಟ್ ಗೋಡೆಗೆ, ನೀರಿನ ಟ್ಯಾಂಕಿನ ಪೈಪಿಗೆ, ವಿದ್ಯುತ್ ಕಂಬಕ್ಕೆ ಕಟ್ಟಬಾರದು. ಒಂದಿಟ್ಟಿಗೆ ದಪ್ಪದ ಪ್ಯಾರಪೆಟ್ ಪಕ್ಕಕ್ಕೆ ಎಳೆಯುವ ಬಲವನ್ನು ತಡೆಯುವಂಥದ್ದಲ್ಲ. ಕಾಲಂ ಅಥವಾ ತೊಲೆಗೆ ಹೊಂದಿಕೊಂಡ ಗಟ್ಟಿ ಕೊಂಡಿಯೇ ಬೇಕು. ಮರಕ್ಕೆ ಕಟ್ಟಿದರೆ ಗಾಳಿಗೆ ಮರ ತೂಗಿದಾಗಲೆಲ್ಲ ಕಂಬವನ್ನೂ ಎಳೆಯುತ್ತದೆ.

ಆಂಟೆನಾ ಸಿಡಿಲನ್ನು ಎಳೆಯುತ್ತದೆಯೇ?

ಮೋಡದಿಂದ ಇಳಿಯುವ ಮಿಂಚು ಸುಮಾರು 50 ಮೀಟರ್‌ಗಳ ಹೆಜ್ಜೆ ಇಡುತ್ತ ಬರುತ್ತದೆ. ಎಲ್ಲಿಗೆ ಬಡಿಯಬೇಕು ಎನ್ನುವುದು ತೀರ್ಮಾನವಾಗುವುದು ನೆಲದ ಹತ್ತಿರ ಬಂದ ಮೇಲೆ. ಆಗ ಸುತ್ತಮುತ್ತ ಎತ್ತರವಾಗಿ, ಒಂಟಿಯಾಗಿ ನಿಂತ ವಸ್ತುವಿಗೆ ಬಡಿಯುವ ಸಾಧ್ಯತೆ ಹೆಚ್ಚು. ತೆಂಗಿನ ಮರ ಮತ್ತು ಎತ್ತರದ ಕಟ್ಟಡಗಳ ನಡುವೆ ನಿಂತ ಆರು ಮೀಟರ್ ಕಂಬದಿಂದ ಬೀದಿಯ ಅಪಾಯ ಹೆಚ್ಚೇನೂ ಬದಲಾಗದು. ಗುಡ್ಡದ ತುದಿಯಲ್ಲಿ ಒಂಟಿಯಾಗಿ ನಿಂತ ಟವರ್‌ಗೆ ಮಾತ್ರ ಅಪಾಯ ನಿಜಕ್ಕೂ ಹೆಚ್ಚು.

"ಅರ್ತಿಂಗ್ ಮಾಡಿದರೆ ಸಿಡಿಲು ಬರುತ್ತದೆ, ಮಾಡದಿದ್ದರೆ ಬರುವುದಿಲ್ಲ" ಎನ್ನುವ ನಂಬಿಕೆ ಅಪಾಯಕಾರಿ. 1753ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗಿಯೋರ್ಗ್ ರಿಚ್‌ಮನ್ ಎಂಬ ವಿಜ್ಞಾನಿ ಮೋಡದ ವಿದ್ಯುತ್ತನ್ನು ಅಳೆಯಲು ಮನೆಯ ಮೇಲಿನಿಂದ ಕಬ್ಬಿಣದ ಸರಳಿನ ಸಂಪರ್ಕವನ್ನು ಕೋಣೆಗೆ ತಂದಿದ್ದರು. ಆ ಸರಳನ್ನು ನೆಲಕ್ಕೆ ಜೋಡಿಸಿರಲಿಲ್ಲ. ಗುಡುಗು ಮಳೆಯ ಹೊತ್ತಿನಲ್ಲಿ ಅದರ ಬಳಿ ನಿಂತಿದ್ದ ಅವರಿಗೆ ವಿದ್ಯುತ್ತು ಬಡಿದು ಜೀವ ಹೋಯಿತು. ಅರ್ತಿಂಗ್ ಇಲ್ಲದ ಆಂಟೆನಾ ಕೇಬಲ್ ನಮ್ಮ ಮೇಜಿನವರೆಗೆ ಬರುವುದೂ ಇದೇ ರೀತಿ.

ಸಾಮಾನ್ಯ ಸಿಡಿಲಿನಲ್ಲಿ ಸುಮಾರು 30 ಸಾವಿರ ಆಂಪಿಯರ್ ಹರಿಯುತ್ತದೆ. ಅರ್ತಿಂಗ್‌ನ ರೋಧ 10 ಓಮ್ ಇದ್ದರೆ ಆ ಕ್ಷಣಕ್ಕೆ ಅಲ್ಲಿ 3 ಲಕ್ಷ ವೋಲ್ಟ್ ಏಳುತ್ತದೆ. ಕಂಬಕ್ಕೆ ಒಂದು ಅರ್ತಿಂಗ್, ಮನೆಯ ವಿದ್ಯುತ್ತಿಗೆ ಬೇರೊಂದು ಅರ್ತಿಂಗ್ ಇದ್ದರೆ ಈ ವ್ಯತ್ಯಾಸವೆಲ್ಲ ನಡುವೆ ಇರುವ ರೇಡಿಯೋ ಮೇಲೆ ಬೀಳುತ್ತದೆ. ಆದ್ದರಿಂದ ಎಲ್ಲ ಅರ್ತಿಂಗ್‌ಗಳನ್ನೂ ದಪ್ಪ ತಾಮ್ರದಿಂದ ಒಂದಕ್ಕೊಂದು ಜೋಡಿಸಬೇಕು. ತಾಮ್ರ ಆದಷ್ಟು ಗಿಡ್ಡವಾಗಿ, ಚೂಪಾದ ತಿರುವುಗಳಿಲ್ಲದೆ ಇಳಿಯಬೇಕು. ಕೇಬಲ್ ಮನೆಯೊಳಗೆ ಬರುವ ಜಾಗದಲ್ಲೇ ಅರೆಸ್ಟರ್ ಇರಬೇಕು.

ಇಷ್ಟು ಮಾಡಿದರೂ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಕಾಣಿಸುವ ಮುನ್ನವೇ ಕೇಬಲ್ ಮತ್ತು ಪ್ಲಗ್ ಎರಡನ್ನೂ ಕಳಚಿಡುವುದು ಕ್ಷೇಮ. ಗುಡುಗು ಕೇಳಿಸಿತೆಂದರೆ ಮಿಂಚು ನಮ್ಮನ್ನು ತಲುಪುವಷ್ಟು ಹತ್ತಿರದಲ್ಲಿದೆ ಎಂದೇ ಅರ್ಥ. ಆಮೇಲೆ ಕೇಬಲ್ ಮುಟ್ಟಲು ಹೋಗಬಾರದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು.

ವಿಕಿರಣದ ಪ್ರಶ್ನೆ

ರೇಡಿಯೋ ತರಂಗಗಳು ಎಕ್ಸ್-ರೇಯಂತೆ ಅಣುಗಳನ್ನು ಒಡೆಯುವ ಶಕ್ತಿ ಇರುವಂಥವಲ್ಲ. ಅವುಗಳಿಂದ ಆಗಬಹುದಾದ, ಖಚಿತವಾಗಿ ತಿಳಿದಿರುವ ಮುಖ್ಯ ಪರಿಣಾಮ ಶಾಖ. ಹ್ಯಾಮ್‌ಗಳ ಕೈಯಲ್ಲಿ ಹಿಡಿಯುವ ಸೆಟ್ ಸಾಮಾನ್ಯವಾಗಿ 5 ವ್ಯಾಟ್, ಮೇಜಿನ ಮೇಲಿನ ಸೆಟ್ 100 ವ್ಯಾಟ್ ಕಳಿಸುತ್ತದೆ. ಡೈಪೋಲ್ ಒಂದರಿಂದ 100 ವ್ಯಾಟ್ ಕಳಿಸಿದಾಗ 10 ಮೀಟರ್ ದೂರದಲ್ಲಿ ಚದರ ಮೀಟರ್‌ಗೆ ಸುಮಾರು 0.13 ವ್ಯಾಟ್ ಇರುತ್ತದೆ. ನೆಲದ ಪ್ರತಿಫಲನ ಸೇರಿ ಅದು ನಾಲ್ಕು ಪಟ್ಟಾದರೂ ಸುಮಾರು ಅರ್ಧ ವ್ಯಾಟ್. 30ರಿಂದ 400 ಮೆಗಾಹರ್ಟ್ಸ್‌ವರೆಗೆ ಜನಸಾಮಾನ್ಯರಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಇಟ್ಟಿರುವ ಮಿತಿ 2 ವ್ಯಾಟ್. ಅಲ್ಲದೆ ಹ್ಯಾಮ್ ಇಡೀ ದಿನ ಕಳಿಸುವುದಿಲ್ಲ, ಹೆಚ್ಚು ಹೊತ್ತು ಕೇಳುತ್ತಿರುತ್ತಾರೆ.

ಹಾಗೆಂದು ಅಸಡ್ಡೆ ಸಲ್ಲದು. ಕಳಿಸುತ್ತಿರುವಾಗ ಆಂಟೆನಾ ಮುಟ್ಟಿದರೆ ಚರ್ಮ ಸುಡುತ್ತದೆ. ಬಟ್ಟೆ ಒಣಗಿಸುವ ತಾರಸಿಯಲ್ಲಿ, ಮಕ್ಕಳ ಕೈಗೆ ಸಿಗುವಂತೆ ತಂತಿ ಇಳಿಬಿಡಬಾರದು. ಯಾಗಿಯಂತಹ ಒಂದೇ ದಿಕ್ಕಿಗೆ ಕಳಿಸುವ ಆಂಟೆನಾವನ್ನು ಪಕ್ಕದ ಮನೆಯ ಕಿಟಕಿಯ ಮಟ್ಟದಲ್ಲಿ ಅವರ ಕಡೆಗೇ ತಿರುಗಿಸಿ ಇಡಬಾರದು.

ಏರುವ ಮುನ್ನ

ಆರು ಮೀಟರ್ ಎತ್ತರದಿಂದ ಬಿದ್ದವರು ನೆಲ ತಲುಪಲು ಹಿಡಿಯುವ ಸಮಯ ಸುಮಾರು 1.1 ಸೆಕೆಂಡ್. ಆಗ ಅವರ ವೇಗ ಗಂಟೆಗೆ 39 ಕಿಲೋಮೀಟರ್. ಆದ್ದರಿಂದ ಬರೀ ಸೊಂಟದ ಬೆಲ್ಟ್ ಸಾಲದು, ಇಡೀ ಮೈಗೆ ಹಾಕುವ ಹಾರ್ನೆಸ್ ಬೇಕು. ಎರಡು ಕೊಕ್ಕೆಗಳಿರಬೇಕು, ಒಂದನ್ನು ಬಿಚ್ಚುವ ಮೊದಲು ಇನ್ನೊಂದು ಸಿಕ್ಕಿಸಿರಬೇಕು. ಕೆಳಗೆ ಒಬ್ಬರು ಹೆಲ್ಮೆಟ್ ಹಾಕಿಕೊಂಡು ಇರಲೇಬೇಕು. ರೇಡಿಯೋ ಬಂದ್ ಮಾಡಿ ಕೇಬಲ್ ಕಳಚಿದ ಮೇಲೆಯೇ ಏರಬೇಕು. ಪೈಪಿನ ತೆಳು ಕಂಬವನ್ನು ಮಾತ್ರ ಯಾರೂ ಏರಬಾರದು, ಅದನ್ನು ಬುಡದಿಂದ ಮಡಚಿ ಕೆಳಗಿಳಿಸಿಯೇ ಕೆಲಸ ಮಾಡಬೇಕು.

ವರ್ಷಕ್ಕೆ ಎರಡು ಸಲ

ಕಂಬ ನಿಲ್ಲಿಸಿದ ದಿನ ಎಲ್ಲರೂ ಎಚ್ಚರದಿಂದಿರುತ್ತಾರೆ. ಮರೆಯುವುದು ಮೂರನೆಯ ವರ್ಷದಲ್ಲಿ. ಮಳೆಗಾಲದ ಮೊದಲು ಮೇ ತಿಂಗಳಲ್ಲಿ ಮತ್ತು ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಇವನ್ನು ನೋಡೋಣ:

- ಕಂಬದ ಬುಡ: ಪೈಪಿನೊಳಗೆ ನೀರು ನಿಂತು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ನೀರು ಹೊರಹೋಗಲು ಬುಡದಲ್ಲಿ ತೂತು ಇದೆಯೇ?
- ಗೈ ವೈರ್: ಎಳೆಗಳು ಬಿಟ್ಟುಕೊಂಡಿವೆಯೇ? ನೈಲಾನ್ ಹಗ್ಗ ಬಿಸಿಲಿಗೆ ಪುಡಿಯಾಗಿದೆಯೇ? ಒಂದನ್ನು ಬದಲಿಸುವಾಗ ಮೊದಲು ತಾತ್ಕಾಲಿಕ ತಂತಿ ಕಟ್ಟಿ, ಆಮೇಲೆ ಹಳೆಯದನ್ನು ಬಿಚ್ಚಬೇಕು.
- ಟರ್ನ್‌ಬಕಲ್: ಗಾಳಿಯ ಅದುರುವಿಕೆಗೆ ಇದು ತಾನಾಗಿ ಬಿಚ್ಚಿಕೊಳ್ಳಬಲ್ಲದು. ತಿರುಗದಂತೆ ತಂತಿ ಸುತ್ತಿ ಬಿಗಿದಿದೆಯೇ?
- ಕನೆಕ್ಟರ್: ಸ್ವಯಂ ಅಂಟುವ ರಬ್ಬರ್ ಟೇಪ್, ಅದರ ಮೇಲೆ ಸಾಮಾನ್ಯ ಟೇಪ್ ಸುತ್ತಿದ್ದರೆ ನೀರು ಇಳಿಯದು. ಕೇಬಲ್ ಗೋಡೆಯೊಳಗೆ ಹೋಗುವ ಮುನ್ನ ಕೆಳಕ್ಕೆ ಒಂದು ಬಳುಕು ಕೊಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.
- ಜೋಡಣೆ: ಅಲ್ಯುಮಿನಿಯಂ ಮತ್ತು ತಾಮ್ರ ನೇರ ತಾಗಿದ ಕಡೆ ಲೋಹ ಸವೆಯುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಇದು ಬೇಗ.
- ಅರ್ತಿಂಗ್: ಬೋಲ್ಟ್‌ಗಳು ಬಿಗಿಯಾಗಿವೆಯೇ? ಮಂಗಗಳು ಇರುವ ಊರಾದರೆ ತಂತಿ ಅಲ್ಲೇ ಇದೆಯೇ ಎಂಬುದನ್ನೂ ನೋಡಬೇಕು!

ಇನ್ನೊಂದು ಸುಲಭ ಅಭ್ಯಾಸ: ಆಂಟೆನಾ ಕಟ್ಟಿದ ದಿನ ಎಸ್‌ಡಬ್ಲ್ಯುಆರ್ ಅಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟು ಆಗಾಗ ಹೋಲಿಸುವುದು. ಅಳತೆ ಏಕಾಏಕಿ ಬದಲಾದರೆ ಎಲ್ಲೋ ನೀರು ಸೇರಿದೆ, ಇಲ್ಲವೇ ಜೋಡಣೆ ಬಿಟ್ಟಿದೆ ಎಂದರ್ಥ. ಅದು ಕಣ್ಣಿಗೆ ಕಾಣುವ ಮೊದಲೇ ಮೀಟರ್‌ಗೆ ಗೊತ್ತಾಗುತ್ತದೆ.

ಕೊನೆಗೆ

ಹ್ಯಾಮ್ ರೇಡಿಯೋ ಬಳಸಲು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ವಿಮಾನ ನಿಲ್ದಾಣದ ಸುತ್ತ ಎತ್ತರಕ್ಕೆ ನಿರ್ಬಂಧಗಳಿವೆ, ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆಯೂ ಬೇಕಾಗುತ್ತದೆ. ಕಂಬ ನಿಲ್ಲಿಸುವ ಮೊದಲೇ ನೆರೆಯವರನ್ನು ಕರೆದು ತೋರಿಸಿದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ.

2004ರ ಸುನಾಮಿಯಲ್ಲಿ ಅಂಡಮಾನ್‌ನ ಸಂಪರ್ಕ ಕಡಿದುಹೋದಾಗ ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್‌ಗಳೇ ಸಂದೇಶಗಳನ್ನು ಹೊರಗೆ ಮುಟ್ಟಿಸಿದರು. ಅಂಥ ದಿನ ಆಂಟೆನಾ ಇನ್ನೂ ನಿಂತಿರಬೇಕು, ಅದನ್ನು ಕಟ್ಟಿದವರೂ ಕ್ಷೇಮವಾಗಿರಬೇಕು. ಹಾಗಾಗಿ ಪಕ್ಕದ ಮನೆಯ ಹ್ಯಾಮ್‌ಗೆ ಇನ್ನು ಮುಂದೆ ಕೇಳಬೇಕಾದ ಪ್ರಶ್ನೆ "ವಿಕಿರಣ ಬರುತ್ತದೆಯೇ?" ಎಂದಲ್ಲ. "ಕರೆಂಟು ತಂತಿ ಎಷ್ಟು ದೂರ ಇದೆ? ಕಂಬದ ಬುಡ ಕೊನೆಯ ಸಲ ನೋಡಿದ್ದು ಯಾವಾಗ?" ಎಂದು.